ಮೊದಲು ಕಟ್ಟಿ, ಆಮೇಲೆ ಕಾಯಿರಿ: ಸವೆದ ಮೂಳೆಯಲ್ಲಿ ಹೊಸ ಮೂಳೆ ಬೆಳೆಸುವ ಚಿಕಿತ್ಸೆ

ಎಲ್ಲರಿಗೂ ನಮಸ್ಕಾರ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಮಂಡಿ ನೋವು ಬಂದರೂ ‘ಮೂಳೆ ಸವೆದಿದೆ’ ಅನ್ನುತ್ತೇವೆ, ಜಾರಿಬಿದ್ದು ಸೊಂಟದ ಮೂಳೆ ಮುರಿದರೂ ಅದೇ ಮಾತು. ಮಂಡಿಯಲ್ಲಿ ಸವೆಯುವುದು ಕೀಲಿನ ಮೃದ್ವಸ್ಥಿ. ಅದು ಇವತ್ತಿನ ವಿಷಯವಲ್ಲ. ಮೂಳೆಯ ಒಳಗಿನ ಹೆಣಿಗೆಯೇ ತೆಳುವಾಗಿ, ಅಲ್ಲಲ್ಲಿ ಕಡಿದುಹೋಗುವ ಆಸ್ಟಿಯೊಪೊರೋಸಿಸ್ ಬಗ್ಗೆ ಮಾತಾಡುತ್ತಿದ್ದೇವೆ. ಮೂಳೆ ಮುರಿಯುವ ತನಕ ಇದು ನೋವು ಕೊಡುವುದಿಲ್ಲ, ಹಾಗಾಗಿ ಯಾರೂ ಹುಡುಕಿಕೊಂಡು ಹೋಗುವುದಿಲ್ಲ.

ಮೂಳೆ ಕಲ್ಲಲ್ಲ. ದೊಡ್ಡವರ ಅಸ್ಥಿಪಂಜರದಲ್ಲಿ ವರ್ಷಕ್ಕೆ ಹತ್ತರಲ್ಲಿ ಒಂದು ಪಾಲಿನಷ್ಟು ಮೂಳೆ ಹೊಸದಾಗುತ್ತಲೇ ಇರುತ್ತದೆ. ಹಳೆ ಗಾರೆ ಕೆರೆದು ಹೊಸ ಗಾರೆ ಮೆತ್ತಿದ ಹಾಗೆ, ಆಸ್ಟಿಯೊಕ್ಲಾಸ್ಟ್ ಕೋಶಗಳು ಹಳೆಯದನ್ನು ಕರಗಿಸಿ ಗುಂಡಿ ತೋಡುತ್ತವೆ, ಆಸ್ಟಿಯೊಬ್ಲಾಸ್ಟ್ ಕೋಶಗಳು ಅದನ್ನು ತುಂಬುತ್ತವೆ. ತೋಡಲು ಎರಡು ಮೂರು ವಾರ ಸಾಕು, ತುಂಬಲು ಮೂರು ನಾಲ್ಕು ತಿಂಗಳು ಬೇಕು. ತೊಂದರೆಯ ಬೇರು ಈ ಅಂತರದಲ್ಲೇ ಇದೆ. ಮುಟ್ಟು ನಿಂತು ಈಸ್ಟ್ರೊಜನ್ ಇಳಿದಾಗ ತೋಡುವ ಜಾಗಗಳು ಹೆಚ್ಚುತ್ತವೆ. ವಯಸ್ಸಾದಂತೆ ಪ್ರತಿ ಗುಂಡಿಯೂ ಪೂರ್ತಿ ತುಂಬದೆ ಸ್ವಲ್ಪ ಬಾಕಿ ಉಳಿಯುತ್ತದೆ.

ಈಗ ಹೆಚ್ಚಾಗಿ ಕೊಡುವ ಅಲೆಂಡ್ರೊನೇಟ್, ಜೊಲೆಡ್ರೊನೇಟ್, ಡೆನೊಸುಮ್ಯಾಬ್ ಔಷಧಿಗಳು ಮಾಡುವುದು ಒಂದೇ ಕೆಲಸ: ತೋಡುವುದನ್ನು ತಡೆಯುವುದು. ಇವು ಒಳ್ಳೆಯ ಔಷಧಿಗಳೇ, ಬಹಳ ಜನರಿಗೆ ಇಷ್ಟೇ ಸಾಕು. ಆದರೆ ಕಡಿದುಹೋದ ಹೆಣಿಗೆಯನ್ನು ಇವು ಮತ್ತೆ ಹೆಣೆಯಲಾರವು. ಆಗಲೇ ಎರಡು ಬೆನ್ನೆಲುಬು ಕುಸಿದವರಿಗೆ ಕಾವಲು ಮಾತ್ರ ಸಾಲದು, ಕಟ್ಟಡವೂ ಬೇಕು.

ಕಟ್ಟುವ ಮೊದಲ ದೊಡ್ಡ ಪ್ರಯತ್ನ ಸೋತ ಕಥೆ ಕೇಳಲೇಬೇಕಾದದ್ದು. ಫ್ಲೋರೈಡ್ ಆಸ್ಟಿಯೊಬ್ಲಾಸ್ಟ್‌ಗಳನ್ನು ಕೆರಳಿಸುತ್ತದೆ. 1990ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ 202 ಮಹಿಳೆಯರಿಗೆ ಕ್ಯಾಲ್ಸಿಯಂ ಕೊಟ್ಟು, ಅವರಲ್ಲಿ ಅರ್ಧ ಜನಕ್ಕೆ ದಿನಕ್ಕೆ 75 ಮಿಲಿಗ್ರಾಂ ಸೋಡಿಯಂ ಫ್ಲೋರೈಡನ್ನೂ ಕೊಟ್ಟರು. ನಾಲ್ಕು ವರ್ಷದಲ್ಲಿ ಅವರ ಕೆಳಬೆನ್ನಿನ ಮೂಳೆ ಸಾಂದ್ರತೆ ಶೇ 35 ಏರಿತು. ಇವತ್ತಿನ ಯಾವ ಔಷಧಿಯೂ ಅಷ್ಟು ಏರಿಸುವುದಿಲ್ಲ! ಆದರೂ ಬೆನ್ನೆಲುಬಿನ ಮುರಿತ ಗಮನಾರ್ಹವಾಗಿ ತಗ್ಗಲಿಲ್ಲ. ಬೇರೆ ಮೂಳೆಗಳ ಮುರಿತ ಕ್ಯಾಲ್ಸಿಯಂ ಮಾತ್ರ ಪಡೆದವರಲ್ಲಿ 24 ಇದ್ದರೆ, ಇವರಲ್ಲಿ 72 ಆಯಿತು. ಮೂಳೆ ಹೆಚ್ಚಿತ್ತು, ಗುಣ ಕೆಟ್ಟಿತ್ತು: ಖನಿಜ ಸರಿಯಾಗಿ ಕೂರದ, ಪೆಡಸು ಮೂಳೆ. ಮೂಳೆಗೆಂದು ಕೊಟ್ಟ ಇನ್ನೊಂದು ಔಷಧಿ ಸ್ಟ್ರಾನ್ಷಿಯಂ ವಿಷಯದಲ್ಲಿ ಇನ್ನೊಂದು ಬಗೆಯ ಮೋಸವಿದೆ. ಅದರ ಪರಮಾಣು ಕ್ಯಾಲ್ಸಿಯಂಗಿಂತ ಭಾರ, ಎಕ್ಸ್‌ರೇಯನ್ನು ಹೆಚ್ಚು ಹೀರುತ್ತದೆ, ಹಾಗಾಗಿ ಸ್ಕ್ಯಾನ್‌ನಲ್ಲಿ ಕಂಡ ಏರಿಕೆಯ ಒಂದು ಭಾಗ ಬರೀ ತೋರಿಕೆ. ಅಂದಿನಿಂದ ಈ ಕ್ಷೇತ್ರದಲ್ಲಿ ಸ್ಕ್ಯಾನ್ ಅಂಕಿಯೊಂದನ್ನೇ ನೋಡಿ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಮುರಿತ ಕಡಿಮೆಯಾಯಿತೇ ಎಂದು ಕೇಳುತ್ತಾರೆ.

ಗೆದ್ದದ್ದು ಅನಿರೀಕ್ಷಿತ ಕಡೆಯಿಂದ. ಕತ್ತಿನ ಪುಟ್ಟ ಗ್ರಂಥಿಗಳಿಂದ ಬರುವ ಪ್ಯಾರಾಥೈರಾಯ್ಡ್ ಹಾರ್ಮೋನು ರಕ್ತದಲ್ಲಿ ಸದಾ ಹೆಚ್ಚಿದ್ದರೆ ಮೂಳೆ ಕರಗುತ್ತದೆ. ಅದೇ ಹಾರ್ಮೋನನ್ನು ದಿನಕ್ಕೊಮ್ಮೆ ಚುಚ್ಚಿ, ಕೆಲವೇ ಗಂಟೆಗಳಲ್ಲಿ ಇಳಿಯಲು ಬಿಟ್ಟರೆ ಮೂಳೆ ಬೆಳೆಯುತ್ತದೆ. ಇಲಿಗಳಲ್ಲಿ ಈ ಸುಳಿವು ಸಿಕ್ಕಿದ್ದು 1930ರ ಆಸುಪಾಸಿನಲ್ಲೇ. ಔಷಧಿಯಾಗಲು ಎಪ್ಪತ್ತು ವರ್ಷ ಹಿಡಿಯಿತು. ಹಾರ್ಮೋನಿನ 84 ಅಮೈನೊ ಆಮ್ಲಗಳಲ್ಲಿ ಮೊದಲ 34 ಮಾತ್ರ ಇರುವ ಟೆರಿಪ್ಯಾರಟೈಡ್‌ಗೆ 2002ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಅದಕ್ಕೆ ಆಧಾರವಾದ 1,637 ಮಹಿಳೆಯರ ಪರೀಕ್ಷೆಯಲ್ಲಿ ಹೊಸ ಬೆನ್ನೆಲುಬು ಮುರಿತ ಶೇ 65ರಷ್ಟು ಕಡಿಮೆಯಾಗಿತ್ತು.

ಡೋಸ್ ದಿನಕ್ಕೆ 20 ಮೈಕ್ರೊಗ್ರಾಂ, ತೊಡೆ ಅಥವಾ ಹೊಟ್ಟೆಯ ಚರ್ಮದಡಿಗೆ, ಸಾಮಾನ್ಯವಾಗಿ ಎರಡು ವರ್ಷದ ಮಿತಿ. ಔಷಧಿ ತುಂಬಿದ ಚುಚ್ಚುವ ಪೆನ್ ಸದಾ ಫ್ರಿಜ್‌ನಲ್ಲಿ, 2ರಿಂದ 8 ಡಿಗ್ರಿಯಲ್ಲಿರಬೇಕು. ಫ್ರೀಜರ್‌ನಲ್ಲಿ ಹೆಪ್ಪುಗಟ್ಟಿದರೆ ಎಸೆಯಬೇಕು. ಬಳಸಲು ಶುರುಮಾಡಿ 28 ದಿನ ಕಳೆದ ಮೇಲೆ ಒಳಗೆ ಔಷಧಿ ಉಳಿದಿದ್ದರೂ ಬಳಸುವಂತಿಲ್ಲ. ಸೂಜಿಯನ್ನು ಪೆನ್ನಿಗೇ ಬಿಟ್ಟಿಟ್ಟರೆ ಔಷಧಿ ಸೋರುತ್ತದೆ, ಗಾಳಿಗುಳ್ಳೆ ಸೇರುತ್ತದೆ. ಮೊದಲ ಕೆಲವು ದಿನ ಎದ್ದು ನಿಂತಾಗ ತಲೆ ಸುತ್ತಬಹುದು, ಆದ್ದರಿಂದ ಕೂತೇ ಚುಚ್ಚಿಕೊಳ್ಳಿ. ಮೂಳೆ ಮುರಿಯದಿರಲಿ ಎಂದು ತೆಗೆದುಕೊಂಡ ಔಷಧಿಯಿಂದಲೇ ಬಿದ್ದು ಮೂಳೆ ಮುರಿದುಕೊಳ್ಳಬಾರದಲ್ಲ! ಚುಚ್ಚಿದ 4ರಿಂದ 6 ಗಂಟೆಗೆ ರಕ್ತದ ಕ್ಯಾಲ್ಸಿಯಂ ಏರುತ್ತದೆ. ಆಗ ರಕ್ತ ಕೊಟ್ಟರೆ ವರದಿ ಸುಮ್ಮನೆ ಗಾಬರಿ ಹುಟ್ಟಿಸುತ್ತದೆ. ಕನಿಷ್ಠ 16 ಗಂಟೆ ಬಿಟ್ಟು ಕೊಡಿ. ಮೂಳೆಗೆ ಹರಡಿದ ಕ್ಯಾನ್ಸರ್, ಹಿಂದೆ ಮೂಳೆಗೆ ಬಿದ್ದ ವಿಕಿರಣ ಚಿಕಿತ್ಸೆ, ಮೂಳೆ ಅಂಕೆ ತಪ್ಪಿ ಕರಗಿ ಬೆಳೆಯುವ ಪ್ಯಾಜೆಟ್ ಕಾಯಿಲೆ, ರಕ್ತದಲ್ಲಿ ಕಾರಣ ತಿಳಿಯದೆ ಏರಿದ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ಇದ್ದವರಿಗೆ ಇದು ಸಲ್ಲದು. ಇಲಿಗಳಲ್ಲಿ ಮೂಳೆ ಕ್ಯಾನ್ಸರ್ ಕಂಡಿದ್ದಕ್ಕೆ ಹಾಕಿದ್ದ ಕಪ್ಪು ಚೌಕಟ್ಟಿನ ಎಚ್ಚರಿಕೆಯನ್ನು ಅಮೆರಿಕದಲ್ಲಿ 2020ರಲ್ಲಿ ತೆಗೆದರು. ಮನುಷ್ಯರಲ್ಲಿ ಅಂಥ ಏರಿಕೆ ಕಾಣಲಿಲ್ಲ. 2017ರಲ್ಲಿ ಬಂದ ಅಬಲೋಪ್ಯಾರಟೈಡ್ ಇದರ ಹತ್ತಿರದ ಸಂಬಂಧಿ, ದಿನಕ್ಕೆ 80 ಮೈಕ್ರೊಗ್ರಾಂ.

ಇನ್ನೊಂದು ದಾರಿ ತೆರೆದುಕೊಂಡಿದ್ದು ಅಪರೂಪದ ಕಾಯಿಲೆಯೊಂದರಿಂದ. ದಕ್ಷಿಣ ಆಫ್ರಿಕಾದ ಕೆಲವು ಆಫ್ರಿಕಾನರ್ ಕುಟುಂಬಗಳಲ್ಲಿ ಮೂಳೆ ವಿಪರೀತ ದಪ್ಪ, ಮುರಿಯುವುದೇ ಕಷ್ಟ. ಆದರೆ ತಲೆಬುರುಡೆಯೂ ದಪ್ಪವಾಗಿ ನರಗಳನ್ನು ಒತ್ತುತ್ತದೆ. ಅವರಲ್ಲಿ ಕೆಟ್ಟಿರುವ ಜೀನ್ ಯಾವುದೆಂದು 2001ರಲ್ಲಿ ಗೊತ್ತಾಯಿತು. ಅದು ಸ್ಕ್ಲೆರೋಸ್ಟಿನ್ ಎಂಬ ಪ್ರೋಟೀನು ತಯಾರಿಸುವ ಜೀನ್. ಮೂಳೆಯೊಳಗೆ ಹುದುಗಿರುವ ಆಸ್ಟಿಯೊಸೈಟ್ ಕೋಶಗಳು ಸ್ಕ್ಲೆರೋಸ್ಟಿನ್ ಸುರಿಸಿ ‘ಕಟ್ಟಿದ್ದು ಸಾಕು’ ಎಂದು ತಡೆಯುತ್ತವೆ. ಆ ತಡೆಯನ್ನು ಹಿಡಿದು ಕಟ್ಟಿಹಾಕುವ ಪ್ರತಿಕಾಯವೇ ರೊಮೊಸೊಜುಮ್ಯಾಬ್. ತಿಂಗಳಿಗೊಮ್ಮೆ 210 ಮಿಲಿಗ್ರಾಂ, ಒಂದೇ ಸಲಕ್ಕೆ 105ರ ಎರಡು ಚುಚ್ಚುಮದ್ದಾಗಿ, ಒಟ್ಟು 12 ತಿಂಗಳು. ಅಲ್ಲಿಗೆ ನಿಲ್ಲಿಸುವುದೇಕೆಂದರೆ ವರ್ಷ ತುಂಬುವಷ್ಟರಲ್ಲಿ ಕಟ್ಟುವ ಬಿರುಸು ತಾನಾಗಿ ಇಳಿದಿರುತ್ತದೆ. ಅಲೆಂಡ್ರೊನೇಟ್‌ಗೆ ಹೋಲಿಸಿದ 4,093 ಮಹಿಳೆಯರ ಪರೀಕ್ಷೆಯಲ್ಲಿ, ಒಂದು ವರ್ಷ ಇದು, ಆಮೇಲೆ ಅಲೆಂಡ್ರೊನೇಟ್ ಪಡೆದವರಿಗೆ ಎರಡು ವರ್ಷದಲ್ಲಿ ಬೆನ್ನೆಲುಬು ಮುರಿತ ಶೇ 48 ಕಡಿಮೆ. ಅದೇ ಪರೀಕ್ಷೆಯ ಮೊದಲ ವರ್ಷ ಗಂಭೀರ ಹೃದಯ-ರಕ್ತನಾಳದ ತೊಂದರೆ ಅಲೆಂಡ್ರೊನೇಟ್‌ನವರಲ್ಲಿ ಶೇ 1.9 ಇದ್ದರೆ, ರೊಮೊಸೊಜುಮ್ಯಾಬ್‌ನವರಲ್ಲಿ ಶೇ 2.5 ಇತ್ತು. ಹಾಗಾಗಿ ಹಿಂದಿನ ಒಂದು ವರ್ಷದಲ್ಲಿ ಹೃದಯಾಘಾತ ಅಥವಾ ಪಾರ್ಶ್ವವಾಯು ಆದವರಿಗೆ ಕೊಡುವಂತಿಲ್ಲ. ರಕ್ತದ ಕ್ಯಾಲ್ಸಿಯಂ ಕಡಿಮೆಯಿದ್ದರೆ ಮೊದಲು ಅದನ್ನು ಸರಿಪಡಿಸಬೇಕು.

ಸ್ಕ್ಲೆರೋಸ್ಟಿನ್ ಇಳಿಸುವ ಇನ್ನೊಂದು ಉಪಾಯ ಭಾರ. ಮೂಳೆ ಬಾಗಿದಾಗ ಆಸ್ಟಿಯೊಸೈಟ್‌ಗಳು ತಡೆಯನ್ನು ಸಡಿಲಿಸುತ್ತವೆ. ಸುಮ್ಮನೆ ನಡೆದರೆ ಇದಕ್ಕೆ ಸಾಲುವುದಿಲ್ಲ. ಮೂಳೆಗೆ ಅದು ದಿನವೂ ನೋಡಿದ ಭಾರವೇ. 2018ರಲ್ಲಿ ಆಸ್ಟ್ರೇಲಿಯಾದಿಂದ ಪ್ರಕಟವಾದ ಪರೀಕ್ಷೆಯಲ್ಲಿ ಮುಟ್ಟು ನಿಂತ ಮಹಿಳೆಯರು ವಾರಕ್ಕೆ ಎರಡು ದಿನ, ಅರ್ಧ ಗಂಟೆ, ತಮ್ಮ ಗರಿಷ್ಠ ಶಕ್ತಿಯ ಶೇ 80ಕ್ಕೂ ಮೀರಿದ ಭಾರವನ್ನು ಐದೈದು ಸಲದಂತೆ ಐದು ಸುತ್ತು ಎತ್ತಿದರು, ಜೊತೆಗೆ ಹಾರಿ ಇಳಿಯುವ ವ್ಯಾಯಾಮ. ಎಂಟು ತಿಂಗಳಲ್ಲಿ ಕೆಳಬೆನ್ನಿನ ಸಾಂದ್ರತೆ ಸುಮಾರು ಶೇ 3 ಏರಿತು, ಲಘು ವ್ಯಾಯಾಮದವರಲ್ಲಿ ಇಳಿಯಿತು. ಅದು ತರಬೇತುದಾರರ ಕಣ್ಣೆದುರು, ಹಂತ ಹಂತವಾಗಿ ನಡೆದದ್ದು. ಮನೆಯಲ್ಲಿ ಒಬ್ಬರೇ ಬೆನ್ನು ಬಾಗಿಸಿ ಭಾರ ಎತ್ತಿದರೆ ಕುಸಿಯುವುದು ಅದೇ ಬೆನ್ನೆಲುಬು.

ಈಗ ಅನುಕ್ರಮದ ವಿಷಯ. ನಮ್ಮ ಪ್ರಕಾರ ಇಲ್ಲಿಯೇ ಹೆಚ್ಚು ಎಡವಟ್ಟಾಗುತ್ತಿದೆ. ರೂಢಿಯಂತೆ ಮೊದಲು ಅಲೆಂಡ್ರೊನೇಟ್‌ನಂಥ ಮಾತ್ರೆ, ಅದು ಸೋತರೆ ಡೆನೊಸುಮ್ಯಾಬ್, ಅದೂ ಸೋತರೆ ಕಟ್ಟುವ ಔಷಧಿ. ತೀವ್ರ ಅಪಾಯದಲ್ಲಿರುವವರಿಗೆ ಇದು ತಲೆಕೆಳಗಾದ ಕ್ರಮ. ಡೆನೊಸುಮ್ಯಾಬ್ ಬಿಟ್ಟು ಟೆರಿಪ್ಯಾರಟೈಡ್‌ಗೆ ಹೋದರೆ, ಅಲ್ಲಿಯವರೆಗೆ ತಡೆದಿಟ್ಟಿದ್ದ ಕರಗುವಿಕೆ ಒಮ್ಮೆಲೇ ಉಕ್ಕಿ ಸೊಂಟದ ಸಾಂದ್ರತೆ ಕೆಲ ಕಾಲ ಇಳಿಯುತ್ತದೆ. ಮೊದಲು ಕಟ್ಟಿ ಆಮೇಲೆ ಡೆನೊಸುಮ್ಯಾಬ್ ಕೊಟ್ಟರೆ ಏರಿಕೆ ಮುಂದುವರಿಯುತ್ತದೆ. ಕಟ್ಟಿ ಸುಮ್ಮನಾದರೆ ಮಾತ್ರ ಗಳಿಸಿದ್ದರ ಬಹುಪಾಲು ಒಂದೆರಡು ವರ್ಷದಲ್ಲಿ ಕರಗಿಹೋಗುತ್ತದೆ. ಕಾಯಲು ಡೆನೊಸುಮ್ಯಾಬ್ ಆರಿಸಿದರೆ ಆರು ತಿಂಗಳಿಗೊಮ್ಮೆ ಚುಚ್ಚುವ ಗಡುವು ತಪ್ಪಬಾರದು. ಏಳು ತಿಂಗಳು ದಾಟಿದರೆ ಸಾಲಾಗಿ ಹಲವು ಬೆನ್ನೆಲುಬು ಕುಸಿಯುವ ಅಪಾಯವಿದೆ.

ಔಷಧಿ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಸ್ಕ್ಯಾನ್‌ಗಾಗಿ ವರ್ಷಗಟ್ಟಲೆ ಕಾಯಬೇಕಿಲ್ಲ. ಹೊಸ ಮೂಳೆ ಕಟ್ಟುವಾಗ ರಕ್ತಕ್ಕೆ ಬರುವ ಪಿ1ಎನ್‌ಪಿ ಎಂಬ ಗುರುತನ್ನು ಟೆರಿಪ್ಯಾರಟೈಡ್ ಶುರುಮಾಡುವ ಮೊದಲು ಒಮ್ಮೆ, ಒಂದರಿಂದ ಮೂರು ತಿಂಗಳೊಳಗೆ ಇನ್ನೊಮ್ಮೆ ಅಳೆಯಿರಿ. ಲೀಟರಿಗೆ 10 ಮೈಕ್ರೊಗ್ರಾಂಗೂ ಹೆಚ್ಚು ಏರಿದ್ದರೆ ಮೂಳೆ ಸ್ಪಂದಿಸಿದೆ. ಏರದಿದ್ದರೆ ಔಷಧಿಯನ್ನು ದೂರುವ ಮೊದಲು ಪೆನ್ ಕೆಟ್ಟಿದೆಯೇ, ಡೋಸ್ ತಪ್ಪುತ್ತಿದೆಯೇ, ವಿಟಮಿನ್ ಡಿ ಕಡಿಮೆಯಿದೆಯೇ ನೋಡಿ. ಮೂಳೆ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸುವುದಾದರೆ ಪ್ರತಿ ಸಲವೂ ಅದೇ ಯಂತ್ರದಲ್ಲಿ ಮಾಡಿಸಿ. ಬೇರೆ ಬೇರೆ ಯಂತ್ರಗಳ ಅಂಕಿಗಳನ್ನು ನೇರವಾಗಿ ಹೋಲಿಸಲಾಗದು. ಕುಸಿದ ಬೆನ್ನೆಲುಬು ಒತ್ತಿಕೊಂಡು ಸ್ಕ್ಯಾನ್‌ನಲ್ಲಿ ಗಟ್ಟಿಯಾಗಿ ಕಾಣುವುದರಿಂದ ಅದನ್ನು ಲೆಕ್ಕದಿಂದ ಬಿಡಲು ಹೇಳಿ.

ಇನ್ನು ನಿಮ್ಮ ಪ್ರಶ್ನೆಗಳು.