ಮುಂದಿನ ಗಾಡಿಗೆ ಗುದ್ದಿದ ಮೇಲೆ

ಕೇಳುಗರೆಲ್ಲರಿಗೂ ನಮಸ್ಕಾರ.

ಕಲಬುರಗಿಯಿಂದ ಸೇಡಂ ಕಡೆ ಹೊರಟರೆ ಸಿಮೆಂಟ್ ಲಾರಿಗಳು, ಜೇವರ್ಗಿ ಕಡೆ ಹೊರಟರೆ ಹತ್ತಿ, ತೊಗರಿ ಹೇರಿಕೊಂಡ ಟ್ರ್ಯಾಕ್ಟರುಗಳು, ಹುಮನಾಬಾದ್ ಕಡೆ ಹೊರಟರೆ ಹೈದರಾಬಾದ್ ಮುಟ್ಟುವ ಅವಸರದ ಕಾರುಗಳು. ಊರು ಬಂತೆಂದು ಮುಂದಿನವನು ಬ್ರೇಕ್ ಹಾಕುತ್ತಾನೆ, ಹಿಂದಿನವನಿಗೆ ನಿಲ್ಲಿಸಲು ಜಾಗ ಸಾಲುವುದಿಲ್ಲ. ಹಾಗೆ ಗುದ್ದಿದ ಮೇಲೆ ಕಾರು ನಡೆಸುತ್ತಿದ್ದವರು ಏನು ಮಾಡಬೇಕು, ವಿಮೆ ಯಾರಿಗೆ ಏನು ಕೊಡುತ್ತದೆ ಅನ್ನುವುದನ್ನು ಇವತ್ತು ಹೇಳುತ್ತೇನೆ. ನಾನು ವಾಹನ ವಿಮೆಯ ಸರ್ವೇಯರ್. ಜಖಂ ಆದ ಗಾಡಿ ನೋಡಿ, ನಷ್ಟದ ಲೆಕ್ಕ ಹಾಕಿ ಕಂಪನಿಗೆ ವರದಿ ಬರೆಯುವುದು ನನ್ನ ಕೆಲಸ.

ಮೊದಲು ಮುಂದಿನ ಗಾಡಿಯಲ್ಲಿದ್ದ ಮನುಷ್ಯನ ಮಾತು. ನಮ್ಮ ಕಡೆ ಅದು ಬಹಳ ಸಲ ಬೈಕ್ ಆಗಿರುತ್ತದೆ. ಫರಹತಾಬಾದ್ ಹತ್ತಿರ ಬೈಕಿನ ಹಿಂದಿನ ಗಾಲಿಗೆ ಕಾರು ತಾಗಿತು ಅಂದುಕೊಳ್ಳಿ. ಬಿದ್ದವನು ಎದ್ದು, ಧೋತರದ ಮಣ್ಣು ಝಾಡಿಸಿಕೊಂಡು, "ಏನೂ ಆಗಿಲ್ರಿ ಸಾಹೇಬ್ರ, ನಾ ಹೋಗ್ತೀನಿ" ಅನ್ನುತ್ತಾನೆ. ಸುತ್ತ ಸೇರಿದವರಲ್ಲಿ ಹಿರಿಯರೊಬ್ಬರು ಮುಂದೆ ಬಂದು, "ಒಂದೈದು ಸಾವಿರ ಕೊಟ್ಟು ಮುಗಿಸಿಬಿಡ್ರಿ, ಸ್ಟೇಷನ್ ಗೀಷನ್ ಯಾಕ ಬೇಕು" ಅನ್ನುತ್ತಾರೆ. ದುಡ್ಡು ಕೈ ಬದಲಾಗುತ್ತದೆ, ಎಲ್ಲರೂ ಚದುರುತ್ತಾರೆ. ಆದರೆ ತಲೆಗೆ ಬಿದ್ದ ಪೆಟ್ಟು ಆ ಹೊತ್ತಿಗೆ ಗೊತ್ತಾಗದೆ ಇರಬಹುದು. ರಾತ್ರಿ ವಾಂತಿ ಶುರುವಾಗಬಹುದು, ಮಾತು ತೊದಲಬಹುದು. ಕಾರಿನಲ್ಲಿದ್ದವರಿಗೂ ಹಿಂದಿನಿಂದ ಗುದ್ದಿಸಿಕೊಂಡರೆ ಕುತ್ತಿಗೆ ನೋವು ಮರುದಿನ ಬರುವುದುಂಟು. ಅಷ್ಟರಲ್ಲಿ ಆ ಮನುಷ್ಯನ ಕೈಯಲ್ಲಿ ಐದು ಸಾವಿರವಿದೆ, ನಿಮ್ಮ ಗಾಡಿಯ ನಂಬರು ಕೂಡ ಇಲ್ಲ.

ಮೋಟಾರು ವಾಹನ ಕಾಯ್ದೆ 1988ರ 134ನೇ ಕಲಮು ಇಂಥ ಹೊತ್ತಿಗೇ ಬರೆದದ್ದು. ಗಾಯಗೊಂಡವನಿಗೆ ಚಿಕಿತ್ಸೆ ಸಿಗುವ ಹಾಗೆ ನೋಡಿಕೊಳ್ಳುವುದು ಚಾಲಕನ ಮೊದಲ ಕರ್ತವ್ಯ. ಆಂಬುಲೆನ್ಸಿಗೆ 108, ಪೊಲೀಸರಿಗೆ 112, ರಾಷ್ಟ್ರೀಯ ಹೆದ್ದಾರಿಯಾದರೆ 1033. ಸ್ಥಳದಲ್ಲಿ ಪೊಲೀಸರು ಇರದಿದ್ದರೆ ಹತ್ತಿರದ ಠಾಣೆಗೆ ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ ತಿಳಿಸಬೇಕು. ವಿಮೆ ಕಂಪನಿಗೆ ಬರಹದಲ್ಲಿ ತಿಳಿಸಬೇಕು: ಪಾಲಿಸಿ ನಂಬರು, ಎಲ್ಲಿ, ಯಾವಾಗ, ಯಾರಿಗೆ ಗಾಯ, ಗಾಡಿ ನಡೆಸಿದವರು ಯಾರು, ಅವರ ಲೈಸೆನ್ಸಿನ ವಿವರ. ಆಸ್ಪತ್ರೆ ಖರ್ಚು ನಿಮ್ಮ ತಲೆಗೆ ಬರುತ್ತದೆಂದು ಹೆದರಿ ಓಡಬೇಡಿ. 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಕೇಂದ್ರದ ಯೋಜನೆಯಲ್ಲಿ ರಸ್ತೆ ಅಪಘಾತದ ಗಾಯಾಳುವಿಗೆ, ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ, ಅಪಘಾತವಾದ ದಿನದಿಂದ ಏಳು ದಿನದವರೆಗೆ 1.5 ಲಕ್ಷ ರೂಪಾಯಿ ಮಿತಿಯ ನಗದುರಹಿತ ಚಿಕಿತ್ಸೆ ಇದೆ. ಮುಂಗಡ ಕಟ್ಟಲು ದುಡ್ಡಿಲ್ಲದ ರೈತನಿಗೆ, ಕೂಲಿಯವನಿಗೆ ಆ ಏಳು ದಿನ ಬಹಳ ದೊಡ್ಡವು. ಯೋಜನೆ ಇದೆ ಅನ್ನುವುದು ಬಿದ್ದವನಿಗೆ ಗೊತ್ತಿರಲಿಕ್ಕಿಲ್ಲ, ಗುದ್ದಿದವರೇ ಆಸ್ಪತ್ರೆಯಲ್ಲಿ ಕೇಳಬೇಕು.

ಈಗ ತಪ್ಪು ಯಾರದು ಅನ್ನುವ ಪ್ರಶ್ನೆ. ಹಿಂದಿನಿಂದ ಗುದ್ದಿದವನ ಮೇಲೆಯೇ ಮೊದಲು ಹೊಣೆ ಬೀಳುತ್ತದೆ. 1989ರ ರಸ್ತೆ ನಿಯಮಗಳಲ್ಲಿ 23ನೇ ನಿಯಮ, ಮುಂದಿನ ಗಾಡಿ ಒಮ್ಮೆಲೇ ನಿಂತರೂ ಗುದ್ದದಷ್ಟು ಅಂತರ ಇಟ್ಟುಕೊಳ್ಳಬೇಕು ಎಂದು ಹೇಳುತ್ತಿತ್ತು. 2017ರಲ್ಲಿ ಹೊಸ ಚಾಲನಾ ನಿಯಮಗಳು ಬಂದವು, ಆ ಕರ್ತವ್ಯ ಹಾಗೇ ಉಳಿಯಿತು. 2018ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಒಂದು ಪ್ರಕರಣ ಬಂತು. ಮುಂದೆ ಟ್ರಕ್, ಅದರ ಹಿಂದೆ 10–15 ಅಡಿ ಅಂತರದಲ್ಲಿ ಕಾರು. ಟ್ರಕ್ ತಟ್ಟನೆ ಬ್ರೇಕ್ ಹಾಕಿತೆಂಬ ವಾದವಿದ್ದರೂ, ಆ ಅಂತರ ಸುರಕ್ಷಿತವಲ್ಲವೆಂದು ನ್ಯಾಯಾಲಯ ಹೇಳಿತು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಕಾರು ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರ್ ಮುಂದೆ ಹೋಗಿರುತ್ತದೆ. 15 ಅಡಿ ಅಂದರೆ ಐದು ಮೀಟರೂ ಇಲ್ಲ. ಕಾಲು ಬ್ರೇಕಿನ ಮೇಲೆ ಬೀಳುವ ಮೊದಲೇ ಗುದ್ದಿಯಾಗಿರುತ್ತದೆ.

ಹಾಗೆಂದು ಮುಂದಿನವನದು ಎಂದೂ ತಪ್ಪಿಲ್ಲ ಎಂದಲ್ಲ. 2025ರ ಜುಲೈನಲ್ಲಿ ಅದೇ ನ್ಯಾಯಾಲಯ, ಹೆದ್ದಾರಿಯಲ್ಲಿ ಸೂಚನೆ ಕೊಡದೆ ಥಟ್ಟನೆ ಕಾರು ನಿಲ್ಲಿಸಿದ ಚಾಲಕನ ಮೇಲೆ ಶೇ 50 ಹೊಣೆ ಹೊರಿಸಿತು. ಹಿಂದಿನಿಂದ ಬಂದು ಕಾರಿಗೆ ತಾಗಿ ಬಿದ್ದ ಬೈಕ್ ಸವಾರನದು ಶೇ 20, ಅವನ ಮೇಲೆ ಹರಿದ ಬಸ್ಸಿನದು ಶೇ 30. ಕಬ್ಬಿನ ಹಂಗಾಮಿನಲ್ಲಿ ಆಳಂದ, ಅಫಜಲಪುರ ರಸ್ತೆಗಳಲ್ಲಿ ರಾತ್ರಿ ಓಡಾಡುವವರು ಇದನ್ನು ನೆನಪಿಡಬೇಕು. ಟ್ರ್ಯಾಲಿಗೆ ಹಿಂದೆ ದೀಪವಿರಲಿಲ್ಲ, ರಿಫ್ಲೆಕ್ಟರ್ ಪಟ್ಟಿ ಇರಲಿಲ್ಲ ಅಂದರೆ ಅದರ ಫೋಟೋ ಅಲ್ಲೇ ತೆಗೆದಿಟ್ಟುಕೊಳ್ಳಿ. ಗಾಡಿಗಳನ್ನು ಸರಿಸುವ ಮೊದಲು ಎರಡೂ ಗಾಡಿ, ನಂಬರ್ ಪ್ಲೇಟು, ರಸ್ತೆಯ ಮೇಲಿನ ಬ್ರೇಕ್ ಗುರುತು ಎಲ್ಲ ಬರುವ ಹಾಗೆ ತೆಗೆಯಿರಿ. ಆದರೆ ರಸ್ತೆಯಲ್ಲಿ ನಿಂತು ವಾದಕ್ಕೆ ಇಳಿಯಬೇಡಿ, "ಎಲ್ಲಾ ನಾ ಕೊಡ್ತೀನಿ" ಎಂದು ಬರೆದೂ ಕೊಡಬೇಡಿ. ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ಹೊಣೆ ಒಪ್ಪಿಕೊಳ್ಳಬಾರದು, ಪರಿಹಾರದ ಮಾತು ಕೊಡಬಾರದು ಅನ್ನುವ ಷರತ್ತು ಪ್ರತಿ ಪಾಲಿಸಿಯಲ್ಲೂ ಇದೆ. ಮನುಷ್ಯನನ್ನು ಆಸ್ಪತ್ರೆಗೆ ಸೇರಿಸುವುದಕ್ಕೆ, ಅವನ ಮನೆಯವರಿಗೆ ಫೋನ್ ಮಾಡುವುದಕ್ಕೆ ಆ ಷರತ್ತು ಅಡ್ಡಿಯಲ್ಲ.

ಪಾಲಿಸಿಯಲ್ಲಿ ಎರಡು ಭಾಗ. ಒಂದು ಥರ್ಡ್ ಪಾರ್ಟಿ, ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ನಷ್ಟದ್ದು, ಇನ್ನೊಂದು ನಮ್ಮದೇ ಗಾಡಿಯ ನಷ್ಟದ್ದು, ಅಂದರೆ ಓನ್ ಡ್ಯಾಮೇಜ್. ಥರ್ಡ್ ಪಾರ್ಟಿ ಇಲ್ಲದೆ ಗಾಡಿ ರಸ್ತೆಗೆ ಇಳಿಸುವಂತಿಲ್ಲ. ಇಳಿಸಿದರೆ ಮೊದಲ ಸಲಕ್ಕೆ 2,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಇಲ್ಲವೆ ಎರಡೂ. 2022ರ ಜೂನ್‌ನಲ್ಲಿ ನಿಗದಿಯಾದ ದರದಂತೆ 1000 ಸಿಸಿವರೆಗಿನ ಖಾಸಗಿ ಕಾರಿಗೆ ವರ್ಷಕ್ಕೆ 2,094 ರೂಪಾಯಿ, 1500 ಸಿಸಿವರೆಗೆ 3,416. ಈ ದುಡ್ಡಿಗೆ ಪ್ರತಿಯಾಗಿ, ನೀವು ಗುದ್ದಿದ ಮನುಷ್ಯನಿಗೆ ಗಾಯವಾದರೆ, ಜೀವ ಹೋದರೆ ಮೋಟಾರು ಅಪಘಾತ ಪರಿಹಾರದ ನ್ಯಾಯಮಂಡಳಿ ಹೇಳಿದಷ್ಟು ಪರಿಹಾರವನ್ನು ಕಂಪನಿ ಕಟ್ಟುತ್ತದೆ, ಅದಕ್ಕೆ ಮೇಲ್ಮಿತಿ ಇಲ್ಲ. ಆಸ್ತಿಯ ನಷ್ಟಕ್ಕೆ 7.5 ಲಕ್ಷದ ಮಿತಿ. ಏಜೆಂಟರು ಕೆಲವು ಸಲ ನೂರು ರೂಪಾಯಿ ಉಳಿಸಲೆಂದು ಆ ಮಿತಿಯನ್ನು 6,000ಕ್ಕೆ ಇಳಿಸಿರುತ್ತಾರೆ. ನೂರು ರೂಪಾಯಿಗೆ ಮಾಡುವ ಕೆಲಸವಲ್ಲ ಅದು, ನಿಮ್ಮ ಪಾಲಿಸಿ ತೆಗೆದು ನೋಡಿ. ನನಗೆ ಎಲ್ಲಕ್ಕಿಂತ ಹೆಚ್ಚು ಸಂಕಟವಾಗುವುದು ಇಲ್ಲಿಯೇ. ಬೈಕ್ ಮೇಲಿನ ಆ ಮನುಷ್ಯನಿಗಾಗಿ ನೀವು ವರ್ಷ ವರ್ಷ ದುಡ್ಡು ಕಟ್ಟಿದ್ದೀರಿ. ಅವನಿಗೆ ಸಲ್ಲಬೇಕಾದದ್ದನ್ನು ಐದು ಸಾವಿರದ ರಾಜಿಯಲ್ಲಿ ಕಳೆಯುವುದು ಅನ್ಯಾಯ. ಕಾಲು ಮುರಿದರೆ ಬಿತ್ತನೆ ಹೋಗುತ್ತದೆ, ರಾಶಿ ಹೋಗುತ್ತದೆ. ಮೋಟಾರು ವಾಹನ ಕಾಯ್ದೆಯ, 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ 164ನೇ ಕಲಮಿನಲ್ಲಿ, ತಪ್ಪು ಯಾರದೆಂದು ಸಾಬೀತು ಮಾಡುವ ಗೋಜಿಲ್ಲದೆ, ತೀವ್ರ ಗಾಯಕ್ಕೆ 2.5 ಲಕ್ಷ, ಸಾವಿಗೆ 5 ಲಕ್ಷ ಸಿಗುತ್ತದೆ. ಗುದ್ದಿದ ಗಾಡಿ ಯಾವುದೆಂದು ಗೊತ್ತಾಗದೆ ಹೋದರೆ ಅವನಿಗೆ ಉಳಿಯುವುದು ಹಿಟ್ ಆ್ಯಂಡ್ ರನ್ ಪರಿಹಾರ: ತೀವ್ರ ಗಾಯಕ್ಕೆ 50,000, ಸಾವಿಗೆ 2 ಲಕ್ಷ. ನೀವು ನಿಂತು ಹೆಸರು ಹೇಳುವುದಕ್ಕೂ ಓಡಿಹೋಗುವುದಕ್ಕೂ ನಡುವೆ ಒಂದು ಕುಟುಂಬಕ್ಕೆ ಇಷ್ಟು ವ್ಯತ್ಯಾಸ.

ಇನ್ನು ನಿಮ್ಮ ಗಾಡಿ. ಗುದ್ದಿದ ಕಾರಿಗೆ ಪೆಟ್ಟು ಬೀಳುವುದು ಮುಂದೆ, ಅಲ್ಲೇ ರೇಡಿಯೇಟರ್ ಇದೆ. ಬಂಪರ್ ಕೆಳಗೆ ನೀರು ತೊಟ್ಟಿಕ್ಕುತ್ತಿದ್ದರೆ ಇಂಜಿನ್ ಚಾಲೂ ಮಾಡಲೇಬೇಡಿ. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಲ್ಲಿ, "ಮನಿ ಮುಟ್ಟಿದ್ರ ಸಾಕು" ಎಂದು ಜೇವರ್ಗಿಯಿಂದ ಕಲಬುರಗಿವರೆಗೆ ಓಡಿಸಿಕೊಂಡು ಬಂದರೆ ಇಂಜಿನ್ ಸೀಜ್ ಆಗುತ್ತದೆ. ಅಪಘಾತದ ನಂತರ ದುರಸ್ತಿ ಮಾಡಿಸದೆ ಓಡಿಸಿ ಹೆಚ್ಚಾದ ನಷ್ಟವನ್ನು ಕಂಪನಿ ಕೊಡುವುದಿಲ್ಲ. ಬಂಪರ್, ರೇಡಿಯೇಟರ್ ಸೇರಿ ಸಾವಿರಗಳಲ್ಲಿ ಮುಗಿಯುತ್ತಿದ್ದದ್ದು ಲಕ್ಷಕ್ಕೆ ಹೋಗಿ, ಆ ಲಕ್ಷ ನಿಮ್ಮ ಕೈಯಿಂದಲೇ ಹೋಗುತ್ತದೆ. ಟೋಯಿಂಗ್ ಗಾಡಿ ಕರೆಸಿ, ಹತ್ತಿರದ ಗ್ಯಾರೇಜಿಗೆ ಎಳೆಸಲು ಪಾಲಿಸಿಯಲ್ಲೇ 1,500 ರೂಪಾಯಿವರೆಗೆ ಇದೆ. ಕಂಪನಿಗೆ ತಿಳಿಸುವ ಮೊದಲು, ಸರ್ವೇಯರ್ ನೋಡುವ ಮೊದಲು ಮಿಸ್ತ್ರಿಯ ಕೈಗೆ ಪಾನಾ ಕೊಡಬೇಡಿ.

ದುಡ್ಡಿನ ಲೆಕ್ಕ ಹೀಗಿರುತ್ತದೆ. ಕಾರಿಗೆ ಮೂರು ವರ್ಷ ತುಂಬಿ ನಾಲ್ಕನೆಯದು ನಡೆದಿದೆ ಅನ್ನೋಣ. ಬಂಪರ್ 6,000, ಹೆಡ್‌ಲೈಟ್ 5,000. ಎರಡೂ ಪ್ಲಾಸ್ಟಿಕ್, ಅದಕ್ಕೆ ಅರ್ಧ ಸವಕಳಿ, ಸಿಗುವುದು 5,500. ಬಾನೆಟ್ 8,000, ಲೋಹದ ಭಾಗಕ್ಕೆ ಈ ವಯಸ್ಸಿನಲ್ಲಿ ಶೇ 25 ಕಡಿತ, ಸಿಗುವುದು 6,000. ಮಜೂರಿ 3,000, ಪೂರ್ತಿ ಸಿಗುತ್ತದೆ. ಪೇಂಟಿಂಗ್ 4,000, ಅದರಲ್ಲಿ 500 ಹೋಗುತ್ತದೆ. 26,000ದ ಬಿಲ್ಲಿಗೆ 18,000 ಆಯಿತು. 1500 ಸಿಸಿವರೆಗಿನ ಕಾರಿಗೆ ಕಡ್ಡಾಯ ಕಡಿತ 1,000, ಕೊನೆಗೆ 17,000. ಝೀರೋ ಡೆಪ್ರಿಸಿಯೇಷನ್ ತೆಗೆದುಕೊಂಡವರಿಗೆ ಸವಕಳಿಯ ಕಡಿತ ಇರುವುದಿಲ್ಲ.

ಲೆಕ್ಕ ಇಲ್ಲಿಗೆ ಮುಗಿಯಲಿಲ್ಲ. ಕ್ಲೇಮ್ ಇಲ್ಲದ ವರ್ಷಗಳಿಗೆ ನೋ ಕ್ಲೇಮ್ ಬೋನಸ್, ಅಂದರೆ ಪ್ರೀಮಿಯಂನಲ್ಲಿ ರಿಯಾಯಿತಿ, ಏರುತ್ತ ಹೋಗುತ್ತದೆ: ಶೇ 20, 25, 35, 45, 50. ಒಂದು ಓನ್ ಡ್ಯಾಮೇಜ್ ಕ್ಲೇಮ್ ಮಾಡಿದರೆ ಮತ್ತೆ ಸೊನ್ನೆಯಿಂದ ಶುರು. ಆ ಭಾಗದ ಪ್ರೀಮಿಯಂ 8,000 ಇದ್ದು, ಬರುವ ವರ್ಷ ಶೇ 45 ಸಿಗಬೇಕಿದ್ದರೆ, ಒಂದೇ ವರ್ಷದಲ್ಲಿ 3,600 ಕೈಬಿಟ್ಟಿತು. ಮುಂದಿನ ವರ್ಷಗಳ ವ್ಯತ್ಯಾಸ ಬೇರೆ. ಹಾಗಾಗಿ ಬಂಪರ್ ಬಿರುಕು, ನಾಲ್ಕೈದು ಸಾವಿರದ ಕೆಲಸ ಅಂದರೆ ಸ್ವಂತ ಖರ್ಚಿನಲ್ಲಿ ಮಾಡಿಸಿಕೊಳ್ಳುವುದೇ ಲೇಸು, ಸರ್ವೇಯರ್ ಆಗಿ ನಾನೇ ಹೇಳುತ್ತೇನೆ. ಬೋನಸ್ ಹೋಗುತ್ತದೆಂದು ಮುಂದಿನವನ ಗಾಯವನ್ನು ಮುಚ್ಚಿಡಲು ಕಾರಣವೇ ಇಲ್ಲ, ಏಕೆಂದರೆ ಆ ಬೋನಸ್ ಇರುವುದು ಓನ್ ಡ್ಯಾಮೇಜ್ ಭಾಗಕ್ಕೆ ಮಾತ್ರ.

ಮುಂದಿನದೂ ಕಾರೇ ಆಗಿದ್ದು, ಯಾರಿಗೂ ಗಾಯವಿಲ್ಲ, ಡಿಕ್ಕಿ ಬಾಗಿಲು ಒಳಗೆ ಹೋಗಿದೆ ಅಂದರೆ? ಅವರು ನಿಮ್ಮ ಕಂಪನಿಯಿಂದ ವಸೂಲಿ ಮಾಡಲು ನ್ಯಾಯಮಂಡಳಿಗೆ ಹೋಗಬೇಕು. ಸಣ್ಣ ಮೊತ್ತಕ್ಕೆ ಯಾರೂ ಹೋಗುವುದಿಲ್ಲ, ತಮ್ಮದೇ ಪಾಲಿಸಿಯಲ್ಲಿ ಕ್ಲೇಮ್ ಮಾಡಿ ತಮ್ಮ ಬೋನಸ್ ಕಳೆದುಕೊಳ್ಳುತ್ತಾರೆ. ತಪ್ಪಿಲ್ಲದವರಿಗೆ ಇದು ದಂಡವೇ. ಇಂಥ ಕಡೆ ನಿಮ್ಮ ಕೈಯಿಂದ ಕೊಡುವುದು ಧರ್ಮ ಅನ್ನುವುದು ನನ್ನ ಅಭಿಪ್ರಾಯ. ಕೊಡುವುದಾದರೆ ಮೊದಲು ಹೇಳಿದ ಷರತ್ತಿನಂತೆ ಕಂಪನಿಯ ಲಿಖಿತ ಒಪ್ಪಿಗೆ ಪಡೆದು, ದಿನಾಂಕ, ಎರಡೂ ಗಾಡಿಯ ನಂಬರು, ಮೊತ್ತ ಬರೆದು ಇಬ್ಬರೂ ಸಹಿ ಮಾಡಿ. ಠಾಣೆಗೆ ತಿಳಿಸುವ ಕರ್ತವ್ಯ ಆಸ್ತಿ ನಷ್ಟಕ್ಕೂ ಇದೆ, ಅದನ್ನು ಬಿಡಬೇಡಿ.

ಇನ್ನೊಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಗಾಡಿ ನಡೆಸಿದ್ದು ಮಗ, ಅವನಿಗೆ ಲೈಸೆನ್ಸ್ ಇಲ್ಲ. ಠಾಣೆಗೆ ಬಂದು "ನಾನೇ ನಡಸ್ತಿದ್ದೆ" ಅನ್ನುವವರು ಕಾಕಾ. ಪ್ರೀತಿಯಿಂದಲೇ ಮಾಡುತ್ತಾರೆ, ಆದರೆ ಅದು ನಿಲ್ಲುವುದಿಲ್ಲ. ಪೆಟ್ರೋಲ್ ಬಂಕಿನಲ್ಲಿ, ಟೋಲ್ ನಾಕಾದಲ್ಲಿ ಕ್ಯಾಮೆರಾ ಇದೆ, ಮೊಬೈಲ್ ಎಲ್ಲಿತ್ತು ಅನ್ನುವ ದಾಖಲೆ ಇದೆ. ಸುಳ್ಳು ಹೊರಬಿದ್ದರೆ ಗಾಡಿಯ ಕ್ಲೇಮ್ ಪೂರ್ತಿ ಹೋಗುತ್ತದೆ. ಗಾಯಾಳುವಿಗೆ ಕಂಪನಿ ಮೊದಲು ಕೊಟ್ಟು, ಆಮೇಲೆ ಗಾಡಿಯ ಮಾಲೀಕರಿಂದ ವಸೂಲಿ ಮಾಡಬಹುದು. 2004ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದ ದಾರಿ ಇದು. ಅಂಥ ವಸೂಲಿ ಬಂದರೆ ಹೊಲ ಮಾರಬೇಕಾಗುತ್ತದೆ. ಮಗ 18 ತುಂಬದವನಾದರೆ ಪಾಲಕರಿಗೇ ಮೂರು ವರ್ಷದವರೆಗೆ ಜೈಲು, 25,000 ದಂಡ ಎಂದು 2019ರ ತಿದ್ದುಪಡಿಯಲ್ಲಿದೆ. ಹಳೆಯ ಡೆಂಟನ್ನು ಹೊಸ ಅಪಘಾತದಲ್ಲಿ ಸೇರಿಸುವುದೂ ಹೀಗೆಯೇ. ಹೊಸ ಪೆಟ್ಟಿನಲ್ಲಿ ತಗಡು ಹೊಳೆಯುತ್ತದೆ, ಹಳೆಯದರಲ್ಲಿ ಧೂಳು, ತುಕ್ಕು ಕೂತಿರುತ್ತದೆ. ನೋಡಿದ ಕೂಡಲೇ ನಮಗೆ ತಿಳಿಯುತ್ತದೆ, ಆಮೇಲೆ ನಿಮ್ಮ ನಿಜವಾದ ನಷ್ಟದ ಮೇಲೂ ಅನುಮಾನ ಹುಟ್ಟುತ್ತದೆ.

ಕ್ಲೇಮ್ ತಿಳಿಸಿದ 24 ಗಂಟೆಯೊಳಗೆ ಸರ್ವೇಯರನ್ನು ನೇಮಿಸಬೇಕು, ಅವರು 15 ದಿನದೊಳಗೆ ವರದಿ ಕೊಡಬೇಕು, ವರದಿ ಬಂದ ಏಳು ದಿನದಲ್ಲಿ ಕಂಪನಿ ತೀರ್ಮಾನ ಹೇಳಬೇಕು ಎಂದು ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ಸುತ್ತೋಲೆ ಇದೆ. ತಡವಾದರೆ, ಕಾರಣವಿಲ್ಲದೆ ಕಡಿತ ಮಾಡಿದರೆ ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ, ಪ್ರಾಧಿಕಾರದ ಸಹಾಯವಾಣಿ 155255 ಕೂಡ ಇದೆ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಅಥವಾ ಒಪ್ಪುವಂಥದ್ದಲ್ಲದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಬಳಿ ಒಂದು ವರ್ಷದೊಳಗೆ ಹೋಗಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರು ಬೇಕಿಲ್ಲ.

ಕಡೆಯದಾಗಿ, ನ್ಯಾಯಮಂಡಳಿಯ ನೋಟಿಸು. ಗಾಡಿ ರಿಪೇರಿಯಾಗಿ ಎಲ್ಲ ಮರೆತ ಮೇಲೆ ಅಂಚೆಯಲ್ಲಿ ಬರುತ್ತದೆ, ಗಾಯಗೊಂಡವನು ಪರಿಹಾರ ಕೇಳಿದ್ದಾನೆಂದು. ಅದನ್ನು ಕಂಡು ಸಿಟ್ಟಾಗಬೇಡಿ, ಅಲಮಾರಿಯಲ್ಲಿ ತುರುಕಬೇಡಿ. ಅವನು ಕೇಳುತ್ತಿರುವುದು ಅವನ ಹಕ್ಕು, ವಿಮೆ ಇದ್ದರೆ ಕೊಡುವುದು ಕಂಪನಿ. ನೋಟಿಸಿನ ಪ್ರತಿಯನ್ನು ಅಂದೇ ಕಂಪನಿಗೆ ಮುಟ್ಟಿಸಿ ಸ್ವೀಕೃತಿ ಪಡೆಯಿರಿ. ಜೊತೆಗೆ ಆ ದಿನ ಜಾರಿಯಲ್ಲಿದ್ದ ಪಾಲಿಸಿ, ಆರ್‌ಸಿ, ಲೈಸೆನ್ಸಿನ ನಕಲು ಕೊಡಿ. ನಿಗದಿಯಾದ ದಿನ ಹಾಜರಾಗಿ, ಇಲ್ಲವೆ ವಕೀಲರನ್ನು ಕಳಿಸಿ. ನೀವು ಬರದೆ, ಲೈಸೆನ್ಸ್ ತೋರಿಸದೆ ಹೋದರೆ ಚಾಲಕನಿಗೆ ಲೈಸೆನ್ಸೇ ಇರಲಿಲ್ಲ ಎಂಬ ವಾದ ಏಳುತ್ತದೆ, ಅದಕ್ಕೆ ಉತ್ತರ ಕೊಡುವವರು ಅಲ್ಲಿ ಇರುವುದಿಲ್ಲ, ಹೊಣೆ ನಿಮ್ಮ ಮೇಲೆ ತಿರುಗಬಹುದು.

ನಮಸ್ಕಾರ.