ಮೊದಲು ಕಾಟಾ, ಆಮೇಲೆ ಟೈರು

ಕೇಳುಗರಿಗೆಲ್ಲ ನಮಸ್ಕಾರ.

ಹಳೆಯ ಫೋರ್ ವ್ಹೀಲ್ ಡ್ರೈವ್ ಗಾಡಿಯನ್ನು, ಅಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್ ಎಳೆತ ಕೊಡಬಲ್ಲ ಗಾಡಿಯನ್ನು, ಮನೆಮಗನಂತೆ ನೋಡಿಕೊಳ್ಳುವವರು ನಮ್ಮ ಕಡೆ ಬಹಳ ಮಂದಿ ಇದ್ದಾರೆ. ಬೊಲೆರೊ ಇರಬಹುದು, ಜಿಪ್ಸಿ ಇರಬಹುದು, 2010ರಲ್ಲಿ ಬಂದ ಮೊದಲ ಥಾರ್ ಇರಬಹುದು. ಹದಿನೈದು ವರ್ಷ ಆಗಿರುತ್ತದೆ, ಮಾರಲು ಮನಸ್ಸು ಬರುವುದಿಲ್ಲ. ದಸರಾ ರಜೆ ಬಂತೆಂದರೆ ಮನೆಮಂದಿಯನ್ನೆಲ್ಲ ಹತ್ತಿಸಿಕೊಂಡು ಇಟಗಿ, ಬಾದಾಮಿ, ಗೋಕರ್ಣ ಎಂದು ಹೊರಡುತ್ತಾರೆ. ಹೊರಡುವ ಮುಂಚೆ ನನ್ನ ಗ್ಯಾರೇಜಿಗೆ ಬರುತ್ತಾರೆ. ಈ ಮಾತು ಅವರಿಗಾಗಿ.

ಸಿಂಧನೂರಿನಲ್ಲಿ ನನ್ನದು ಸಣ್ಣ ಗ್ಯಾರೇಜ್. ಬಂದವರು ಕೇಳುವುದು ಎರಡೇ ಪ್ರಶ್ನೆ. "ಗಾಡಿ ಎಷ್ಟು ಇಂಚು ಎತ್ತಿಸಬಹುದು? ಯಾವ ಟೈರ್ ಹಾಕಿಸಲಿ?" ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ. ಸಾಮಾನು ತುಂಬಿದಾಗ ನಿಮ್ಮ ಗಾಡಿ ಎಷ್ಟು ತೂಗುತ್ತದೆ? ಇದುವರೆಗೆ ಇದಕ್ಕೆ ಉತ್ತರ ಕೊಟ್ಟವರು ಬೆರಳೆಣಿಕೆಯಷ್ಟು ಜನ. ಮಗಳ ಮದುವೆಯ ಚಿನ್ನವನ್ನು ಗುಂಜಿ ಲೆಕ್ಕದಲ್ಲಿ ತೂಗಿಸುತ್ತೇವೆ. ಭತ್ತವನ್ನು ಎರಡು ಸಲ ತೂಗಿಸುತ್ತೇವೆ. ಅವ್ವ, ಅಪ್ಪ, ಮಕ್ಕಳು ಕೂರುವ ಗಾಡಿಯನ್ನು ಮಾತ್ರ ತೂಗಿಸದೆ ಅದಕ್ಕೆ ಲಕ್ಷ ರೂಪಾಯಿಯ ಸಾಮಾನು ಹಾಕಿಸುತ್ತೇವೆ.

ಹಾಗಾಗಿ ಇವತ್ತು ನಾನು ಹೇಳಬೇಕಾದ್ದು ಒಂದೇ ಮಾತು. ಮೊದಲು ಕಾಟಾ, ಆಮೇಲೆ ಖರ್ಚು. ಕಾಟಾ ಅಂದರೆ ಲಾರಿಯನ್ನು ಹತ್ತಿಸಿ ತೂಗುವ ದೊಡ್ಡ ತಕ್ಕಡಿ.

ಇದನ್ನು ನಾನು ಹೇಗೆ ಕಲಿತೆ ಎಂದು ಹೇಳುತ್ತೇನೆ. ಆಗ ನಾನು ಬರೀ ಎಂಜಿನ್ ಕೆಲಸ ಮಾಡುತ್ತಿದ್ದೆ. 2012ರಲ್ಲಿ ಒಂದು ಹಳೆಯ ಬೊಲೆರೊ ತೆಗೆದುಕೊಂಡೆ, ಫೋರ್ ವ್ಹೀಲ್ ಡ್ರೈವ್ ಇರುವುದು. ಎಂಜಿನ್ ಗಟ್ಟಿ ಇತ್ತು. ಆದರೆ ಸಾಮಾನು ಹಾಕಿದರೆ ಹಿಂಭಾಗ ಕುಸಿಯುತ್ತಿತ್ತು. ಒಂದು ದೊಡ್ಡ ಊರಿನ ಅಂಗಡಿಗೆ ಒಯ್ದೆ. ಅಲ್ಲಿಯವರು ಗಾಡಿಯ ಸುತ್ತ ಒಂದು ಸುತ್ತು ಹಾಕಿ, "ಲಡಾಖ್‌ಗೂ ಹೋಗಬಹುದು, ಹಾಗೆ ಮಾಡಿಕೊಡುತ್ತೇವೆ" ಎಂದರು. ಹಿಂದಿನ ಪಾಟಾಗೆ, ಅಂದರೆ ಉಕ್ಕಿನ ಪಟ್ಟಿಗಳ ಸ್ಪ್ರಿಂಗಿಗೆ, ಎರಡೆರಡು ಪಟ್ಟಿ ಸೇರಿಸಿದರು. ಗಟ್ಟಿ ಶಾಕ್ ಅಬ್ಸಾರ್ಬರ್ ಹಾಕಿದರು. 31 ಇಂಚಿನ ಮಡ್ ಟೈರ್ ಹಾಕಿದರು. ಹಿಂದೆ ಕಬ್ಬಿಣದ ದೊಡ್ಡ ಬಂಪರ್, ಅದಕ್ಕೆ ಎರಡು ಸ್ಟೆಪ್ನಿ. ಗಾಡಿ ಸಿಂಹದಂತೆ ಕಾಣುತ್ತಿತ್ತು, ಅದು ನಿಜ.

ಖಾಲಿ ಗಾಡಿಯಲ್ಲಿ ಸಿಂಧನೂರಿಗೆ ವಾಪಸ್ ಬರುವಾಗ ಪ್ರತಿ ಸ್ಪೀಡ್ ಬ್ರೇಕರ್ ಬೆನ್ನುಮೂಳೆಗೆ ತಾಗುತ್ತಿತ್ತು. ಸಾಮಾನು ತುಂಬಿದ ಮೇಲೆ ಸರಿಹೋಗುತ್ತದೆ ಎಂದುಕೊಂಡೆ. ದಸರಾ ರಜೆಗೆ ಆರು ಜನ ಹೊರಟೆವು. ಅಪ್ಪ, ಅವ್ವ, ನಮ್ಮ ಮನೆಯವರು, ಇಬ್ಬರು ಮಕ್ಕಳು, ನಾನು. ಟಾಪ್ ಮೇಲೆ ಕ್ಯಾರಿಯರ್, ಅದರ ಮೇಲೆ ಟೆಂಟು, ಹಾಸಿಗೆ. ಒಳಗೆ ನೀರಿನ ಡ್ರಮ್ಮು, ಗ್ಯಾಸ್ ಒಲೆ. ಹುಬ್ಬಳ್ಳಿಯ ಬೀಗರ ಮನೆಗೆಂದು ಎರಡು ಚೀಲ ಸೋನಾ ಮಸೂರಿ. ಸಿಂಧನೂರಿನವರು ಬರಿಗೈಯಲ್ಲಿ ಬೀಗರ ಮನೆಗೆ ಹೋಗುವುದುಂಟೇ?

ಗಂಗಾವತಿ, ಕೊಪ್ಪಳ, ಗದಗ ದಾಟಿ ಹುಬ್ಬಳ್ಳಿವರೆಗೆ ಹೇಗೋ ಬಂದೆವು. ಸ್ಟೀರಿಂಗ್ ಸಡಿಲ ಎನಿಸುತ್ತಿತ್ತು. ಅಕ್ಕಿ ಚೀಲ ಅಲ್ಲಿ ಇಳಿಸಲಿಲ್ಲ. ಬೀಗರು ಊರಲ್ಲಿರಲಿಲ್ಲ, ಬರುವಾಗ ಕೊಟ್ಟರಾಯಿತು ಎಂದು ಹಾಗೇ ಮುಂದೆ ಹೋದೆವು. ಯಲ್ಲಾಪುರ ದಾಟಿ ಅರಬೈಲ್ ಘಾಟ್ ಇಳಿಯುವಾಗ ಮಳೆ ಶುರುವಾಯಿತು. ತಿರುವಿನಲ್ಲಿ ಸ್ಟೀರಿಂಗ್ ತಿರುಗಿಸಿದೆ, ಗಾಡಿ ಒಂದು ಕ್ಷಣ ನೇರವಾಗಿಯೇ ಹೋಯಿತು. ಬ್ರೇಕ್ ಒತ್ತಿದರೆ ನಿಲ್ಲಲು ಮನಸ್ಸೇ ಇಲ್ಲದಂತೆ ಜಾರುತ್ತಾ ಬಂತು. ಎದುರಿನಿಂದ ಲಾರಿ. ಅದರ ಡ್ರೈವರ್ ಪೂರ್ತಿ ಎಡಕ್ಕೆ ಸರಿದು ನಮ್ಮನ್ನು ಉಳಿಸಿದ. ಅವ್ವ ನನ್ನ ಭುಜ ಹಿಡಿದವರು ಅಂಕೋಲಾ ಬರುವವರೆಗೆ ಬಿಡಲಿಲ್ಲ. ಆ ಕೈಯ ಹಿಡಿತ ನನಗೆ ಇವತ್ತಿಗೂ ನೆನಪಿದೆ. ಆ ತಿರುವಿನಿಂದ ಕೆಳಗೆ ಗಂಟೆಗೆ ಇಪ್ಪತ್ತು ಕಿಲೋಮೀಟರ್ ವೇಗದಲ್ಲಿ ಇಳಿದೆವು.

ಊರಿಗೆ ಬಂದ ಮೇಲೆ, ಬರುವಾಗಲೂ ಕೊಡದೆ ಉಳಿದ ಆ ಅಕ್ಕಿಯನ್ನು ರೈಸ್ ಮಿಲ್ಲಿನ ಗೆಳೆಯನಿಗೇ ಕೊಡೋಣ ಎಂದು ಹೋದೆ. ಸಾಮಾನು, ಮನೆಯವರು ಎಲ್ಲ ಗಾಡಿಯಲ್ಲೇ ಇದ್ದರು. ಮಿಲ್ಲಿನಲ್ಲಿ ಕಾಟಾ ನೋಡಿಕೊಳ್ಳುವ ಒಬ್ಬ ಹಿರಿಯರಿದ್ದರು. ಗಾಡಿಯನ್ನು ಹಿಂದಿನಿಂದ ನೋಡಿ ಕೇಳಿದರು: "ತಮ್ಮಾ, ಬಂಡಿ ಹಿಂದ ಇಷ್ಟು ಹೇರಿದ್ರ ನೊಗ ಮ್ಯಾಲೆ ಏಳಂಗಿಲ್ಲೇನು?"

ಆ ಒಂದು ಮಾತಿಗೆ ನನ್ನ ಕಣ್ಣು ತೆರೆಯಿತು. ಎತ್ತಿನ ಬಂಡಿಯಲ್ಲಿ ಅಚ್ಚಿನ ಹಿಂದೆ ಭಾರ ಜಾಸ್ತಿಯಾದರೆ ನೊಗ ಎತ್ತಿನ ಹೆಗಲು ಬಿಟ್ಟು ಮೇಲೇಳುತ್ತದೆ. ನನ್ನ ಗಾಡಿಯಲ್ಲೂ ಅದೇ ಆಗಿತ್ತು. ಹಿಂದಿನ ಭಾರ ಮುಂದಿನ ಚಕ್ರಗಳನ್ನು ಹಗುರ ಮಾಡಿತ್ತು. ಸ್ಟೀರಿಂಗ್ ತಿರುಗಿಸುವುದು ಮುಂದಿನ ಚಕ್ರ, ಬ್ರೇಕಿನ ದೊಡ್ಡ ಪಾಲು ಮುಂದಿನ ಚಕ್ರದ್ದು. ಅವೇ ರಸ್ತೆಯನ್ನು ಗಟ್ಟಿಯಾಗಿ ಒತ್ತದಿದ್ದರೆ ಗಾಡಿ ಹೇಗೆ ತಿರುಗುತ್ತದೆ, ಹೇಗೆ ನಿಲ್ಲುತ್ತದೆ?

ಕಾಟಾ ಮೇಲೆ ಹತ್ತಿಸಿದೆವು. ಒಟ್ಟು 2,500 ಕಿಲೋ. ಮುಂದಿನ ಚಕ್ರ ಮಾತ್ರ ಕಾಟಾ ಮೇಲಿಟ್ಟಾಗ 880. ಅಂದರೆ ಹಿಂದೆ 1,620. ಈಗ ನೋಡಿ, ನನ್ನ ಬೊಲೆರೊಗೆ ಕಂಪನಿ ಕೊಟ್ಟ ಟೈರು 215/75 ಆರ್ 15. ಅದರ ಪಕ್ಕದಲ್ಲಿ 100 ಎಂಬ ಅಂಕಿ ಇತ್ತು. ಅದು ಟೈರಿನ ಲೋಡ್ ಇಂಡೆಕ್ಸ್. 100 ಅಂದರೆ ಒಂದು ಟೈರು 800 ಕಿಲೋ ಹೊರಬಲ್ಲದು, ಎರಡು ಸೇರಿ 1,600. ನನ್ನ ಹಿಂದಿನ ಅಚ್ಚಿನ ಮೇಲಿದ್ದದ್ದು 1,620. ಪಟ್ಟಿ ಎಷ್ಟು ಸೇರಿಸಿದರೂ, ಶಾಕ್ ಎಷ್ಟು ಗಟ್ಟಿ ಹಾಕಿದರೂ ಈ 1,620 ಕಡಿಮೆ ಆಗುವುದಿಲ್ಲ. ಗಾಡಿ ನೋಡಲು ಸಮವಾಗಿ ನಿಂತಿತ್ತು, ಅಷ್ಟೇ. ಭಾರ ಅಲ್ಲೇ ಇತ್ತು.

ಅವತ್ತೇ ಹಿಂದಿನ ಬಂಪರ್ ಬಿಚ್ಚಿಸಿದೆ. ಒಂದು ಸ್ಟೆಪ್ನಿ ತೆಗೆದೆ. ನೀರಿನ ಡ್ರಮ್ಮಿನ ಬದಲು ಕ್ಯಾನುಗಳನ್ನು ಮುಂದಿನ ಸೀಟಿನ ಹಿಂದೆ ಇಟ್ಟೆ. ಮತ್ತೆ ತೂಗಿಸಿದಾಗ ಒಟ್ಟು 2,310, ಮುಂದೆ 900, ಹಿಂದೆ 1,410. ತೆಗೆದದ್ದು 190 ಕಿಲೋ, ಹಿಂದೆ ಇಳಿದದ್ದು 210, ಮುಂದೆ 20 ಏರಿತು. ಬಂಡಿಯ ನೊಗ ಎತ್ತಿನ ಹೆಗಲಿಗೆ ವಾಪಸ್ ಬಂದಿತ್ತು! ಸೇರಿಸಿದ ಪಟ್ಟಿಗಳನ್ನು ತೆಗೆಸಿ ಹಳೆಯ ಪಾಟಾವನ್ನೇ ಮತ್ತೆ ಬಾಗಿಸಿ ಹಾಕಿಸಿದೆ, ಪಾಟಾದ ತುದಿಗಳಿಗೆ ಹೊಸ ರಬ್ಬರ್ ಬುಷ್, ಸಾಧಾರಣ ಗ್ಯಾಸ್ ಶಾಕ್, ಕಂಪನಿ ಸೈಜಿನದೇ ಟೈರು. ಮುಂದಿನ ವರ್ಷ ಅದೇ ಘಾಟ್ ಇಳಿದೆವು. ಅವ್ವ ನಿದ್ದೆ ಮಾಡುತ್ತಿದ್ದರು.

ಈ ಕಥೆಗೇ ಅರ್ಧ ಸಮಯ ಹೋಯಿತು. ಆದರೆ ಇದು ಗೊತ್ತಿಲ್ಲದೆ ಉಳಿದದ್ದು ಕೇಳಿ ಉಪಯೋಗವಿಲ್ಲ.

ಕಾಟಾ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಸಿಂಧನೂರು, ಗಂಗಾವತಿ, ಕಾರಟಗಿಯಲ್ಲಿ ರೈಸ್ ಮಿಲ್ಲಿನವು ಇವೆ, ರಾಯಚೂರಿನಲ್ಲಿ ಹತ್ತಿಯವು, ಬಳ್ಳಾರಿ, ಸಂಡೂರು ಕಡೆ ಅದಿರಿನವು. ಇಬ್ಬರು ಒಗ್ಗರಣೆ ಮಿರ್ಚಿ ತಿಂದಷ್ಟು ಖರ್ಚು ಬರಬಹುದು. ಊರಿಗೆ ಹೊರಡುವ ದಿನ ಹೇಗಿರುತ್ತೀರೋ ಹಾಗೆಯೇ ಹೋಗಿ. ಜನ, ನೀರು, ಪೂರ್ತಿ ಡೀಸೆಲ್, ಎಲ್ಲ ಇರಲಿ. ಮೊದಲು ಪೂರ್ತಿ ಗಾಡಿ. ಆಮೇಲೆ ಮುಂದಿನ ಚಕ್ರ ಮಾತ್ರ. ಕಳೆದರೆ ಹಿಂದಿನದು ಸಿಗುತ್ತದೆ. ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಕಂಪನಿ ಹೇಳಿದ ಮಿತಿ ಇರುತ್ತದೆ, ಅದರ ಪಕ್ಕ ಈ ಚೀಟಿ ಇಟ್ಟು ನೋಡಿ.

ಈಗ ಸಸ್ಪೆನ್ಷನ್. ಭಾರ ಹೊರುವುದು ಸ್ಪ್ರಿಂಗು. ಕುಣಿತ ತಡೆಯುವುದು ಶಾಕು. ಹಿಂಭಾಗ ಕುಸಿಯಿತು ಎಂದು ಶಾಕ್ ಬದಲಿಸುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಸುಮ್ನೆ ದುಡ್ಡು ಹಾಳು. ಕುಸಿಯುವುದು ಸ್ಪ್ರಿಂಗಿನ ಕೆಲಸ ಕೆಟ್ಟಾಗ, ಇಲ್ಲವೇ ಭಾರ ಮೀರಿದಾಗ. ಯಾವುದು ಎಂದು ಹೇಳುವುದು ಕಾಟಾದ ಚೀಟಿ. ವರ್ಷವಿಡೀ ಕ್ಯಾರಿಯರ್, ಟೆಂಟು, ಸಾಮಾನು ಗಾಡಿಯ ಮೇಲೇ ಇರುತ್ತದೆ ಎಂದರೆ, ಆ ತೂಕಕ್ಕೆ ತಕ್ಕ ಗಟ್ಟಿ ಪಾಟಾ ಹಾಕಿಸಿ. ವರ್ಷಕ್ಕೆ ಎರಡು ಸಲ ಮಾತ್ರ ತುಂಬುತ್ತೀರಾ? ಹಾಗಿದ್ದರೆ ಪಟ್ಟಿ ಸೇರಿಸಬೇಡಿ, ಸಾಮಾನು ಕಡಿಮೆ ಮಾಡಿ. ಗಟ್ಟಿ ಪಾಟಾದ ಖಾಲಿ ಗಾಡಿ ನೆಲ ಹಿಡಿಯುವುದಿಲ್ಲ, ಹಾರುತ್ತದೆ.

ಶಾಕಿನ ಒಳಗೆ ಎಣ್ಣೆ ಇರುತ್ತದೆ. ಪಿಸ್ಟನ್ನಿನ ಸಣ್ಣ ತೂತುಗಳಲ್ಲಿ ಆ ಎಣ್ಣೆ ನುಗ್ಗುವಾಗ ಗಾಡಿಯ ಕುಣಿತ ಶಾಖವಾಗಿ ಬದಲಾಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆ ಪಕ್ಕದ ಗರಸಿನ ರಸ್ತೆ ಗೊತ್ತಲ್ಲ, ಅಲೆ ಅಲೆಯಾಗಿರುತ್ತದೆ. ಅಲ್ಲಿ ಒಂದು ತಾಸು ಓಡಿಸಿದರೆ ಎಣ್ಣೆ ಕಾದು ನೊರೆ ಬರುತ್ತದೆ, ಶಾಕ್ ಸೋಲುತ್ತದೆ. ಗ್ಯಾಸ್ ತುಂಬಿದ ಶಾಕಿನಲ್ಲಿ ನೊರೆ ಕಡಿಮೆ. ಅದಕ್ಕೇ ಅದನ್ನು ಹಾಕಿಸಿ ಎನ್ನುವುದು. ಹೊಸ ಶಾಕ್ ಹಾಕುವ ಮುಂಚೆ ಬುಷ್ ನೋಡಿಸಿ. ನಮ್ಮ ಬಿಸಿಲಿಗೆ ರಬ್ಬರ್ ಒಣಗಿ ಸೀಳುತ್ತದೆ, ಅರ್ಧ ಸದ್ದು ಅಲ್ಲಿಂದಲೇ ಬರುತ್ತಿರುತ್ತದೆ.

ಹಳೆಯ ಥಾರ್ ಇಟ್ಟುಕೊಂಡವರಿಗೆ ಒಂದು ಮಾತು. ಅದರ ಮುಂದೆ ಟಾರ್ಷನ್ ಬಾರ್ ಇದೆ, ಅಂದರೆ ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಉಕ್ಕಿನ ಕಂಬಿ. ಬೋಲ್ಟ್ ತಿರುವಿದರೆ ಮುಂಭಾಗ ಮೇಲೇಳುತ್ತದೆ. ಎತ್ತರ ಬಂತು, ಶಕ್ತಿ ಬರಲಿಲ್ಲ. ಗುಂಡಿಗೆ ಚಕ್ರ ಇಳಿಯಲು ಜಾಗವೂ ಕಡಿಮೆಯಾಯಿತು. ದಯವಿಟ್ಟು ತಿರುವಬೇಡಿ.

ಟೈರಿಗೆ ಬರೋಣ, ಸಮಯ ಓಡುತ್ತಿದೆ. 31 ಇಂಚಿನ ಟೈರು ಹಾಕಿದಾಗ ನನ್ನ ಟೈರಿನ ಎತ್ತರ ಸುಮಾರು 8 ಸೆಂಟಿಮೀಟರ್ ಹೆಚ್ಚಿತು. ಆದರೆ ಗಾಡಿ ನೆಲದಿಂದ ಮೇಲೆದ್ದದ್ದು ಅದರ ಅರ್ಧ, 4 ಸೆಂಟಿಮೀಟರ್. ಆ 4 ಸೆಂಟಿಮೀಟರಿಗೆ ಎಂಜಿನ್ ಎಳೆತ ಹೋಯಿತು, ಬ್ರೇಕಿಗೆ ಕೆಲಸ ಜಾಸ್ತಿಯಾಯಿತು. ಮೀಟರಿನಲ್ಲಿ 80 ತೋರಿಸುವಾಗ ಗಾಡಿ 90ರ ಹತ್ತಿರ ಓಡುತ್ತಿತ್ತು. ಕಂಪನಿ ಹೇಳಿದ ಸೈಜಿನಲ್ಲೇ ಇರಿ. ಇನ್ಶೂರೆನ್ಸ್ ಜಗಳವೂ ಬರುವುದಿಲ್ಲ. ಗಾಡಿಯ ಮೂಲ ರೂಪ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಇದೆ.

ಟಾರ್ ರಸ್ತೆಯೇ ಜಾಸ್ತಿ ಎಂದರೆ ಎಚ್‌.ಟಿ., ಅಂದರೆ ಹೈವೇ ಟೆರೈನ್ ಟೈರು. ಗರಸು, ಕಲ್ಲು, ಹೊಲದ ದಾರಿಯೂ ಇದೆ ಎಂದರೆ ಎ.ಟಿ., ಅಂದರೆ ಆಲ್ ಟೆರೈನ್. ನಮ್ಮ ಕಡೆಯ ಹೆಚ್ಚಿನವರಿಗೆ ಎ.ಟಿ. ಸಾಕು. ಬಳ್ಳಾರಿ ಜಾಲಿಯ ಮುಳ್ಳು ಗೊತ್ತಲ್ವಾ? ದಪ್ಪ ರಬ್ಬರು ಅದನ್ನು ಸ್ವಲ್ಪ ತಡೆಯುತ್ತದೆ. ಮಡ್ ಟೈರು ಬೇಡ. ಮಳೆ ಬಿದ್ದ ಎರೆ ಹೊಲದಲ್ಲಿ ಯಾವ ಟೈರಿನ ಆಟವೂ ನಡೆಯುವುದಿಲ್ಲ. ಅಂಟು ಮಣ್ಣು ಮೆತ್ತಿಕೊಂಡು ನಾಲ್ಕೂ ಚಕ್ರ ಗುಂಡು ಕಲ್ಲಾಗುತ್ತವೆ. ಅಲ್ಲಿಗೆ ಹೋಗದಿರುವುದೇ ಸರಿ, ಹೋದರೆ ಒಣಗುವವರೆಗೆ ಕಾಯಬೇಕು.

ನಾಲ್ಕೂ ಟೈರು ಒಂದೇ ಸೈಜು, ಒಂದೇ ಸವೆತ ಇರಲಿ. ಫೋರ್ ವ್ಹೀಲ್ ಹಾಕಿದಾಗ ಮುಂದೆ ಹಿಂದೆ ಒಂದೇ ಸಮ ತಿರುಗಬೇಕು. ಒಂದು ಜೊತೆ ಹೊಸದು, ಒಂದು ಜೊತೆ ಬೋಳು ಎಂದರೆ ಒಳಗಿನ ಗೇರುಗಳು ಒಂದಕ್ಕೊಂದು ಎಳೆದಾಡುತ್ತವೆ. ಒಣ ಟಾರ್ ರಸ್ತೆಯ ಮೇಲೆ ಫೋರ್ ವ್ಹೀಲ್ ಹಾಕಲೇಬೇಡಿ, ಅಲ್ಲೂ ಇದೇ ಎಳೆದಾಟ.

ಕೊಳ್ಳುವಾಗ ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿ ಓದಿ. 2324 ಎಂದಿದ್ದರೆ 2024ರ 23ನೇ ವಾರ ತಯಾರಾದದ್ದು. ನಮ್ಮ ಪ್ರವಾಸದ ಗಾಡಿಗಳು ಓಡುವುದು ಕಡಿಮೆ, ಬಿಸಿಲಲ್ಲಿ ನಿಲ್ಲುವುದು ಜಾಸ್ತಿ. ಸವೆಯುವ ಮುಂಚೆಯೇ ರಬ್ಬರಿಗೆ ವಯಸ್ಸಾಗುತ್ತದೆ, ಪಕ್ಕದಲ್ಲಿ ಕೂದಲೆಳೆಯಂಥ ಬಿರುಕು ಕಾಣುತ್ತದೆ. ಅಂಥ ಟೈರಿನ ಮೇಲೆ ರಾಯಚೂರಿನ ಮೇ ತಿಂಗಳಲ್ಲಿ ಲಿಂಗಸುಗೂರಿಗೂ ಹೋಗಬೇಡಿ.

ಗಾಳಿಯನ್ನು ಬೆಳಿಗ್ಗೆ, ಟೈರು ತಣ್ಣಗಿದ್ದಾಗ ನೋಡಿಸಿ. ಓಡಿಸಿದ ಮೇಲೆ ಬಿಸಿಯಿಂದ ಪ್ರೆಷರ್ ಏರುತ್ತದೆ, ಅದು ಸಹಜ, ಹೆದರಿ ಗಾಳಿ ಬಿಡಬೇಡಿ. ಟೈರು ಒಡೆಯುವುದು ಹೆಚ್ಚಾಗಿ ಗಾಳಿ ಕಡಿಮೆ ಇದ್ದಾಗ, ಪಕ್ಕ ಮಡಿಚಿ ಮಡಿಚಿ ಕಾದು. ತುಂಬಿದ ಗಾಡಿಗೆ ಎಷ್ಟು ಗಾಳಿ, ಖಾಲಿ ಗಾಡಿಗೆ ಎಷ್ಟು ಎಂದು ಪುಸ್ತಕದಲ್ಲಿ ಬೇರೆ ಬೇರೆ ಇರುತ್ತದೆ. ತುಂಬಿದೆ ಎಂದರೆ ಎಷ್ಟು ತುಂಬಿದೆ? ಅದಕ್ಕೂ ಕಾಟಾದ ಚೀಟಿಯೇ ಬೇಕು.

ಕೊನೆಗೆ ಒಂದು ಕೆಲಸ ಹೇಳಿ ಮುಗಿಸುತ್ತೇನೆ. ಪಾಟಾ ಬಿಚ್ಚಿ ಹಾಕಿಸಿದ ಮೇಲೆ ಐನೂರು ಕಿಲೋಮೀಟರ್ ಓಡಿಸಿ, ಗ್ಯಾರೇಜಿಗೆ ವಾಪಸ್ ಬಂದು, ಪಾಟಾವನ್ನು ಅಚ್ಚಿಗೆ ಹಿಡಿದಿಡುವ ಯು ಬೋಲ್ಟ್‌ಗಳನ್ನು ಮತ್ತೊಮ್ಮೆ ಬಿಗಿ ಮಾಡಿಸಿ. ಹೊಸ ಪಟ್ಟಿ ಕೂತ ಮೇಲೆ ಅವು ಸಡಿಲವಾಗುತ್ತವೆ. ಹತ್ತು ನಿಮಿಷದ ಕೆಲಸ. ಬರುವಾಗ ತೂಕದ ಚೀಟಿಯನ್ನು ಮರೆಯದೆ ತನ್ನಿ.

ನಮಸ್ಕಾರ.