ಅಂಡಮಾನ್ ಪ್ಯಾಕೇಜಿನಿಂದ ಆ ಒಂದು ಸಾಲು ತೆಗೆಸಿ

ನಮಸ್ಕಾರ್ರೀ, ಬೆಳಗಾವಿಯಿಂದ ಮಾತಾಡುತ್ತಿದ್ದೇನೆ. ದೀಪಾವಳಿ ಹತ್ತಿರ ಬಂತು ಅಂದರೆ ನಮ್ಮೂರಿನ ಟ್ರಾವೆಲ್ಸ್ ಅಂಗಡಿಗಳ ಮುಂದೆ ಅಂಡಮಾನ್ ಬೋರ್ಡ್ ಬಂದೇ ಬರುತ್ತದೆ. 5 ರಾತ್ರಿ, 6 ಹಗಲು. ಸೆಲ್ಯುಲರ್ ಜೈಲು, ಹ್ಯಾವ್ಲಾಕ್, ನೀಲ್, ನಾರ್ತ್ ಬೇ, ಬಾರಾಟಾಂಗ್. ಆ ಕಾಗದ ಈಗ ನಿಮ್ಮ ಕೈಯಲ್ಲಿದ್ದರೆ ಒಂದು ಕೆಲಸ ಮಾಡಿ. ಬಾರಾಟಾಂಗ್ ಅನ್ನುವ ಸಾಲಿನ ಮೇಲೆ ಗೀಟು ಹಾಕಿ.

ಯಾಕೆ ಅಂತ ಹೇಳುತ್ತೇನೆ. ಬಾರಾಟಾಂಗ್‌ನಲ್ಲಿ ಸುಣ್ಣಕಲ್ಲಿನ ಗುಹೆ ಇದೆ, ಕೆಸರು ಉಕ್ಕುವ ಬುಗ್ಗೆ ಇದೆ. ನೋಡುವಂಥವೇ. ಆದರೆ ಅಲ್ಲಿಗೆ ಹೋಗುವ ಅಂಡಮಾನ್ ಟ್ರಂಕ್ ರೋಡ್ ಜಾರವಾ ಜನರ ಕಾಡನ್ನು ಸೀಳಿಕೊಂಡು ಹೋಗುತ್ತದೆ. ಬೇಟೆಯಾಡಿ, ಮೀನು ಹಿಡಿದು, ಜೇನು ತೆಗೆದು ಆ ಕಾಡಲ್ಲೇ ಬದುಕಿದ ಜನ ಅವರು. 2011ರ ಜನಗಣತಿಯಲ್ಲಿ ಅವರು 400ಕ್ಕಿಂತ ಕಡಿಮೆ ಇದ್ದರು. ನಮ್ಮ ಟಿಳಕವಾಡಿಯ ಒಂದು ಮದುವೆಗೆ ಅದಕ್ಕಿಂತ ಜಾಸ್ತಿ ಜನ ಬರುತ್ತಾರೆ. 1990ರ ದಶಕದ ಕೊನೆಯವರೆಗೂ ಅವರು ಹೊರಗಿನವರನ್ನು ಹತ್ತಿರ ಬಿಟ್ಟುಕೊಂಡಿರಲಿಲ್ಲ. ಕಾಡಿನಿಂದ ಹೊರಗೆ ಬರತೊಡಗಿದ ಸ್ವಲ್ಪ ದಿನಕ್ಕೇ, 1999ರಲ್ಲಿ, ಅವರಲ್ಲಿ ದಡಾರ ಹಬ್ಬಿತು. ನಮ್ಮ ಮಕ್ಕಳಿಗೆ ಇದಕ್ಕೆ ಲಸಿಕೆ ಆಗಿರುತ್ತದೆ. ಆ ರೋಗವನ್ನೇ ಕಾಣದ ಇಷ್ಟು ಚಿಕ್ಕ ಗುಂಪಿನೊಳಗೆ ಅದು ಹೊಕ್ಕರೆ ಏನಾಗಬಹುದು ಅಂತ ಯೋಚಿಸಿ.

ರಸ್ತೆಯ ಈ ಭಾಗವನ್ನು ಮುಚ್ಚಬೇಕು ಅಂತ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿತ್ತು. ಇವತ್ತಿಗೂ ವಾಹನಗಳು ಓಡುತ್ತಿವೆ. ಜಿರ್ಕಾಟಾಂಗ್ ಚೆಕ್‌ಪೋಸ್ಟಿನಿಂದ ಸಾಲಾಗಿ ಬಿಡುತ್ತಾರೆ. ನಡುವೆ ನಿಲ್ಲಿಸುವಂತಿಲ್ಲ, ಫೋಟೋ ತೆಗೆಯುವಂತಿಲ್ಲ, ತಿನ್ನಲು ಏನೂ ಕೊಡುವಂತಿಲ್ಲ. ಇಷ್ಟು ನಿಯಮ ಇದ್ದರೂ 2012ರಲ್ಲಿ ಏನಾಯಿತು? ತಿಂಡಿಯ ಆಸೆ ತೋರಿಸಿ ಜಾರವಾ ಹೆಣ್ಣುಮಕ್ಕಳನ್ನು ಕುಣಿಸಿದ ವಿಡಿಯೋ ಜಗತ್ತೆಲ್ಲ ಸುತ್ತಿತು. ಆ ದಾರಿಯ ಆಚೆ ಊರುಗಳಿವೆ, ಅಲ್ಲಿನವರಿಗೆ ಆಸ್ಪತ್ರೆ, ಸಂತೆ, ಶಾಲೆಗೆ ರಸ್ತೆ ಬೇಕು. ಅದು ಬೇರೆ ಮಾತು. ಒಂದು ಗುಹೆ ನೋಡಿ ಸಂಜೆಗೆ ವಾಪಸ್ ಬರುವ ನಮಗೆ ಅದು ಬೇಕಾಗಿಲ್ಲ. ಬಸ್ಸಿನ ಕಿಟಕಿಯಿಂದ ಬೇರೆಯವರ ಮಕ್ಕಳನ್ನು ನೋಡಿ ಬರುವುದನ್ನು ನಾನಂತೂ ಪ್ರವಾಸ ಅನ್ನಲಾರೆ.

ಹಾಗೆ ನೋಡಿದರೆ ಹೋಗದೆ ಉಳಿಸುವ ಜಾಗ ನಮ್ಮ ಜಿಲ್ಲೆಯಲ್ಲೇ ಇದೆ. ಖಾನಾಪುರ ತಾಲೂಕಿನ ಭೀಮಗಡ ಕಾಡಿನ ಬಾರಾಪೇಡೆ ಗುಹೆಗಳು. ಅಲ್ಲಿ ರಾಟನ್ ಹೆಸರಿನ ಒಂದು ಅಪರೂಪದ ಬಾವಲಿ ಇದೆ. ಜಗತ್ತಿನಲ್ಲೇ ಅದು ಇರುವುದು ಇಲ್ಲೊಂದೇ ಕಡೆ ಅಂತ ಬಹಳ ವರ್ಷ ವಿಜ್ಞಾನಿಗಳು ನಂಬಿದ್ದರು. 2011ರಲ್ಲಿ ಭೀಮಗಡ ವನ್ಯಜೀವಿ ಧಾಮ ಆಗುವಾಗ ಈ ಬಾವಲಿಯ ಹೆಸರು ಮತ್ತೆ ಮತ್ತೆ ಕೇಳಿಬಂತು. ಹಗಲು ಮಲಗುವ ಬಾವಲಿಗಳ ಮೇಲೆ ಟಾರ್ಚ್ ಬಿಟ್ಟು ಗದ್ದಲ ಮಾಡಿದರೆ ಅವು ಜಾಗವನ್ನೇ ಬಿಟ್ಟು ಹೋಗಬಹುದು. ಇದು ನಮಗೆ ಅರ್ಥವಾಗುತ್ತದೆ ಅಂದರೆ ಅಂಡಮಾನಿನದೂ ಅರ್ಥವಾಗಬೇಕು, ಅಲ್ವಾ?

ಹಾಗಂತ ಅಂಡಮಾನಿಗೆ ಹೋಗಬೇಡಿ ಅಂತ ನಾನು ಹೇಳುತ್ತಿಲ್ಲ. ಹೋಗಿ. ಉಳಿಸಿದ ಒಂದು ದಿನವನ್ನು ಪೋರ್ಟ್ ಬ್ಲೇರ್ ಹತ್ತಿರದ ವಂಡೂರಿಗೆ ಕೊಡಿ. ಅಲ್ಲಿ 1983ರಲ್ಲಿ ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನ ಮಾಡಿದರು. ವರ್ಷದಲ್ಲಿ ಕೆಲವು ತಿಂಗಳು ಜಾಲಿ ಬಾಯ್ ದ್ವೀಪಕ್ಕೆ ದೋಣಿ ಬಿಡುತ್ತಾರೆ, ಉಳಿದ ತಿಂಗಳು ರೆಡ್ ಸ್ಕಿನ್ ದ್ವೀಪಕ್ಕೆ. ಒಂದರಲ್ಲಿ ಜನ ಇದ್ದಾಗ ಇನ್ನೊಂದರ ಹವಳಕ್ಕೆ ಬಿಡುವು. ಪ್ಲಾಸ್ಟಿಕ್ ಒಯ್ಯಲು ಬಿಡುವುದಿಲ್ಲ, ದೋಣಿ ಹತ್ತುವ ಮುಂಚೆ ಬ್ಯಾಗ್ ನೋಡುತ್ತಾರೆ. ಇದನ್ನು ಕಿರಿಕಿರಿ ಅನ್ನುವವರಿದ್ದಾರೆ. ನನಗೆ ಇದು ಇಡೀ ದೇಶದ ಪ್ರವಾಸಿ ತಾಣಗಳಲ್ಲಿ ಬರಬೇಕಾದ ಪದ್ಧತಿ ಅನಿಸುತ್ತದೆ. ಮತ್ತೆ ನಾವು ಉತ್ತರ ಕರ್ನಾಟಕದವರು ಊರು ಬಿಟ್ಟರೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡೇ ಹೊರಡುತ್ತೇವೆ. ಸ್ಟೀಲ್ ಡಬ್ಬಿಯಲ್ಲಿ ಹಾಕಿಕೊಂಡರೆ ಆಯಿತು.

ಹವಳ ಕಲ್ಲಲ್ಲ, ಜೀವ. ಒಂದೊಂದು ಹವಳದ ಹುಳುವಿನ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಇರುತ್ತದೆ. ಬಿಸಿಲಿನಿಂದ ಆಹಾರ ಮಾಡಿ ಕೊಡುವುದು ಅದೇ. ಸಮುದ್ರ ಅತಿಯಾಗಿ ಕಾದರೆ ಹವಳ ಆ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ. ಬೇಗ ತಂಪಾದರೆ ಚೇತರಿಸಿಕೊಳ್ಳುತ್ತದೆ, ಇಲ್ಲದಿದ್ದರೆ ಹಸಿವಿನಿಂದ ಸಾಯುತ್ತದೆ. 2010ರಲ್ಲಿ ಅಂಡಮಾನಿನ ಹವಳ ಹೀಗೆಯೇ ದೊಡ್ಡ ಪೆಟ್ಟು ತಿಂದಿತು. ಗುಂಡಾಗಿ ಬೆಳೆಯುವ ಹವಳಗಳು ವರ್ಷಕ್ಕೆ ಒಂದು ಸೆಂಟಿಮೀಟರ್ ಆಸುಪಾಸು ಬೆಳೆಯುತ್ತವೆ. ಸ್ನಾರ್ಕಲಿಂಗ್ ಮಾಡುವಾಗ ಸುಸ್ತಾಯಿತು ಅಂತ ಅದರ ಮೇಲೆ ಕಾಲಿಟ್ಟು ನಿಂತರೆ ಎಷ್ಟು ವರ್ಷದ ಬೆಳವಣಿಗೆ ಮುರಿಯುತ್ತದೆ ನೀವೇ ಲೆಕ್ಕ ಹಾಕಿ. ಮೀನಿಗೆ ಬಿಸ್ಕಿಟ್ ಹಾಕುವುದೂ ಬೇಡ. ದಡದಲ್ಲಿ ಬಿದ್ದ ಹವಳದ ತುಂಡು ಚೀಲಕ್ಕೆ ಸೇರಿಸುವುದಂತೂ ಬೇಡವೇ ಬೇಡ, 1972ರ ವನ್ಯಜೀವಿ ಕಾಯ್ದೆಯಲ್ಲಿ ಅದು ಅಪರಾಧ.

ನೀರಿನ ಮಾತು. ಅಂಡಮಾನಿನಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ. ಆದರೂ ಪೋರ್ಟ್ ಬ್ಲೇರ್, ಅಂದರೆ ಈಗಿನ ಶ್ರೀ ವಿಜಯಪುರಂ, ಬೇಸಿಗೆಯಲ್ಲಿ ನೀರಿಗೆ ಪರದಾಡುತ್ತದೆ, ಏಕೆಂದರೆ ಬಿದ್ದ ಮಳೆ ಸಮುದ್ರಕ್ಕೆ ಓಡುತ್ತದೆ. ನಗರ ಹೆಚ್ಚಾಗಿ ನಂಬಿರುವುದು ಧನಿಖಾರಿ ಎಂಬ ಒಂದು ಅಣೆಕಟ್ಟನ್ನು. ಬೆಳಗಾವಿಗೆ ನೀರು ಕೊಡುವ ರಕ್ಕಸಕೊಪ್ಪ ಜಲಾಶಯದ ಮಟ್ಟ ಇಳಿದರೆ ಏನಾಗುತ್ತದೆ ಅಂತ ಗೊತ್ತಿರುವ ನಮಗೆ, ಅಲ್ಲಿ ನೀರು ಹಿಡಿದು ಬಳಸಿ ಅಂತ ಬಿಡಿಸಿ ಹೇಳಬೇಕಿಲ್ಲ.

ಇಷ್ಟು ಹೇಳಿದಾಗ ಕೆಲವರು ಒಂದು ಮಾತು ಎತ್ತುತ್ತಾರೆ. ಈ ದ್ವೀಪಗಳ ದಕ್ಷಿಣ ತುದಿಯ ಗ್ರೇಟ್ ನಿಕೋಬಾರ್‌ನಲ್ಲಿ ಬಂದರು, ವಿಮಾನ ನಿಲ್ದಾಣ, ಹೊಸ ಊರು ಅಂತ 166 ಚದರ ಕಿಲೋಮೀಟರ್ ತೆಗೆದುಕೊಳ್ಳುತ್ತಿದ್ದಾರೆ, ಲಕ್ಷಾಂತರ ಮರ ಹೋಗುತ್ತವೆ, ನನ್ನ ಒಂದು ಪ್ಲಾಸ್ಟಿಕ್ ಬಾಟಲಿಯಿಂದ ಏನು? ಸಿಟ್ಟು ನ್ಯಾಯವಾದದ್ದೇ. ಲೆದರ್‌ಬ್ಯಾಕ್ ಎಂಬ ದೊಡ್ಡ ಕಡಲಾಮೆಗಳು ಮೊಟ್ಟೆ ಇಡುವ ಅಲ್ಲಿನ ಗಲಾಥಿಯಾ ಕೊಲ್ಲಿ 2021ರವರೆಗೆ ವನ್ಯಜೀವಿ ಧಾಮ ಆಗಿತ್ತು, ಆ ವರ್ಷ ಅದನ್ನು ಪಟ್ಟಿಯಿಂದ ತೆಗೆದರು. ಆದರೆ ಇದರ ಬಗ್ಗೆ ದನಿ ಎತ್ತುವವರು ಯಾರು? ಆ ಆಮೆಯನ್ನು ತಿಳಿದವರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಶಂಕರ್ ಮತ್ತು ಸಂಗಡಿಗರು ಲಿಟಲ್ ಅಂಡಮಾನಿನ ಲೆದರ್‌ಬ್ಯಾಕ್ ಆಮೆಗಳಿಗೆ ಉಪಗ್ರಹ ಟ್ಯಾಗ್ ಕಟ್ಟಿ ಬಿಟ್ಟರು. ಕೆಲವು ಆಸ್ಟ್ರೇಲಿಯಾ ಕಡೆ ಈಜಿದವು, ಕೆಲವು ಆಫ್ರಿಕಾ ಕಡೆ. ಅಷ್ಟು ದೂರ ಅಲೆಯುವ ಪ್ರಾಣಿ ಮೊಟ್ಟೆ ಇಡಲು ಮಾತ್ರ ನಮ್ಮ ಮರಳಿಗೆ ಬರುತ್ತದೆ. ಇದನ್ನು ತಿಳಿದ ಮೇಲೆ ಸುಮ್ನೆ ಇರುವುದು ಕಷ್ಟ.

ನಿಮಗೆ ಆಮೆ ನೋಡಬೇಕೆಂದಿದ್ದರೆ ಡಿಸೆಂಬರ್‌ನಿಂದ ಫೆಬ್ರವರಿ ಒಳಗೆ ಉತ್ತರದ ಡಿಗ್ಲಿಪುರ ಹತ್ತಿರದ ಕಾಲಿಪುರಕ್ಕೆ ಹೋಗಿ. ಅರಣ್ಯ ಇಲಾಖೆಯವರ ಜೊತೆಗೇ ದಡಕ್ಕೆ ಇಳಿಯಿರಿ, ಮೊಬೈಲ್ ಬೆಳಕು ಆರಿಸಿ. ಅಲ್ಲಿಗೆ ರಸ್ತೆಯಲ್ಲಿ ಹೊರಟರೆ ಮತ್ತೆ ಅದೇ ಜಾರವಾ ಕಾಡು ಸಿಗುತ್ತದೆ, ಅದಕ್ಕೆ ಸರ್ಕಾರಿ ಹಡಗು ಹಿಡಿಯಿರಿ. ಹ್ಯಾವ್ಲಾಕ್, ನೀಲ್ ಎರಡರಲ್ಲಿ ಒಂದನ್ನು ಬಿಟ್ಟರೆ ದಿನ ಸಿಗುತ್ತದೆ. ಉಳಿಯಲು ಅಲ್ಲಿನವರೇ ನಡೆಸುವ ಸಣ್ಣ ಲಾಡ್ಜ್ ನೋಡಿ. ಹಡಗಿನ ವೇಳೆ ಹವಾಮಾನ ನೋಡಿಕೊಂಡು ಬದಲಾಗುತ್ತದೆ, ಹಾಗಾಗಿ ವಾಪಸ್ ವಿಮಾನಕ್ಕೆ ಮುಂಚೆ ಎರಡು ದಿನ ಖಾಲಿ ಇಟ್ಟುಕೊಂಡೇ ಟಿಕೆಟ್ ಮಾಡಿಸಿ.